ಸಿಪ್ಪೆ ಹಿಂಡಿ ಸಿರಪ್

ಕೇಳುಗರಿಗೆ ನಮಸ್ಕಾರ. ಅನಾನಸ್ ಹೆಚ್ಚಿದ ಮೇಲೆ ತಟ್ಟೆಯಲ್ಲಿ ಒಂದು ರಾಶಿ ಉಳಿಯುತ್ತದಲ್ಲ, ಮುಳ್ಳುಮುಳ್ಳು ಸಿಪ್ಪೆ, ನಡುವಿನ ಗಟ್ಟಿ ದಿಂಡು, ಅದನ್ನು ಎಲ್ಲಿ ಹಾಕುತ್ತೀರಿ? ಹಿತ್ತಿಲಿದ್ದವರು ಗೊಬ್ಬರದ ಗುಂಡಿಗೆ, ಪೇಟೆಯವರು ಹಸಿ ಕಸದ ಬಕೆಟ್ಟಿಗೆ. ಹಾಕಿ, ಬೇಡ ಅನ್ನುವುದಿಲ್ಲ. ಒಂದು ರಾತ್ರಿ ತಡೆದು ಹಾಕಿ ಅಷ್ಟೇ, ಅಷ್ಟರಲ್ಲಿ ಆ ಸಿಪ್ಪೆಯಿಂದ ಸಿರಪ್ ತೆಗೆಯೋಣ.

ಸಿಪ್ಪೆ ತಿನ್ನುವುದು ನಮಗೇನು ಹೊಸದಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿ, ಕಿತ್ತಳೆ ಸಿಪ್ಪೆ ಗೊಜ್ಜು, ದಾಳಿಂಬೆ ಸಿಪ್ಪೆ ತಂಬುಳಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಎಲ್ಲ ಮಾಡಿದ್ದೇವೆ. ಸಿಹಿಗೂ ಇದೆ, ಪುನರ್ಪುಳಿ! ಉತ್ತರ ಕನ್ನಡದ ಕಡೆಯವರಿಗೆ ಅದು ಮುರುಗಲು, ಉಳಿದವರಿಗೆ ಕೋಕಂ. ಬೇಸಿಗೆಯಲ್ಲಿ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಗೆ ಹಾಕಿ ಬಿಸಿಲಿಗೆ ಇಡುತ್ತಾರೆ. ನೀರು ಒಂದು ಹನಿಯೂ ಇಲ್ಲ. ಆದರೂ ಕೆಲವು ದಿನಗಳಲ್ಲಿ ಭರಣಿ ತುಂಬ ಕಡುಗೆಂಪು ರಸ. ಉಪ್ಪು ಹಾಕಿದ ಮಾವಿನ ಮಿಡಿ ನೀರು ಬಿಡುವ ಹಾಗೆಯೇ ಇದೂ. ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಅದರ ಹಿಂದೆಯೇ ಬಣ್ಣ, ಹುಳಿ, ಪರಿಮಳ ಎಲ್ಲ ಬರುತ್ತವೆ.

ನಾನು ಹೇಳುವುದು ಇಷ್ಟೇ, ಬೇರೆ ಸಿಪ್ಪೆಗೂ ಇದೇ ದಾರಿ ಹಿಡಿಯಿರಿ. ತುಂಬ ಜನ ಸಿಪ್ಪೆಯನ್ನು ನೀರಲ್ಲಿ ಹಾಕಿ ಅರ್ಧ ಗಂಟೆ ಕುದಿಸುತ್ತಾರೆ. ಮನೆಯೆಲ್ಲ ಘಮಘಮ. ಪರಿಮಳ ಮನೆಯಲ್ಲೇ ಉಳಿಯಿತು, ಬಾಟಲಿಗೆ ಬರಲಿಲ್ಲ, ಅಲ್ವಾ?

ಈಗ ಅನಾನಸ್. ಬನವಾಸಿ ಕಡೆಯ ಹಣ್ಣು ಸಿಕ್ಕರೆ ಒಳ್ಳೆಯದು, ಯಾವುದಾದರೂ ನಡೆಯುತ್ತದೆ, ಆದರೆ ಚೆನ್ನಾಗಿ ಹಣ್ಣಾಗಿರಬೇಕು. ಹೆಚ್ಚುವ ಮೊದಲೇ ಇಡೀ ಹಣ್ಣನ್ನು ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ, ಆ ಕಣ್ಣುಗಳ ಸಂದಿಯಲ್ಲಿ ಮಣ್ಣು, ಔಷಧಿ ಎಲ್ಲ ಇರುತ್ತದೆ. ಬೂಷ್ಟು ಬಂದ ಜಾಗ ಇದ್ದರೆ ಆ ಸಿಪ್ಪೆಯೇ ಬೇಡ. ಸಿಪ್ಪೆ, ದಿಂಡು ಸಣ್ಣಗೆ ಹೆಚ್ಚಿ, ತೂಕದ ಅರ್ಧದಷ್ಟು ಸಕ್ಕರೆ ಬೆರೆಸಿ, ಅಂದರೆ 400 ಗ್ರಾಂ ಸಿಪ್ಪೆಗೆ 200 ಗ್ರಾಂ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ನೋಡಿದರೆ ತಳದಲ್ಲಿ ರಸ ನಿಂತಿರುತ್ತದೆ. ಕರಗದ ಸಕ್ಕರೆಯೂ ಸ್ವಲ್ಪ ಇರುತ್ತದೆ. ಅರ್ಧ ಲೋಟ ನೀರು ಹಾಕಿ, ಒಂದು ತುಂಡು ಶುಂಠಿ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿಯಾಗಿ ಹಿಂಡಿ. ಆರಿದ ಮೇಲೆ ನಿಂಬೆರಸ. ಮುಗಿಯಿತು.

ಆ ಐದು ನಿಮಿಷದ ಕುದಿ ತಪ್ಪಿಸಬೇಡಿ. ಪುನರ್ಪುಳಿಗೆ ಹುಳಿ ಜಾಸ್ತಿ, ಅದಕ್ಕೆ ಸುರಿಯುವ ಸಕ್ಕರೆಯೂ ಸಿಕ್ಕಾಪಟ್ಟೆ, ಹಾಗಾಗಿ ಬಿಸಿಲೇ ಸಾಕಾಗುತ್ತದೆ. ಅನಾನಸ್ ಹಾಗಲ್ಲ. ಅದರ ಸಿಪ್ಪೆಯ ಮೇಲೆ ಹುದುಗು ಹಿಡಿಸುವ ಯೀಸ್ಟ್ ಮೊದಲೇ ಇರುತ್ತದೆ. ಮೆಕ್ಸಿಕೊದವರು ಬೇಕಂತಲೇ ಇದೇ ಸಿಪ್ಪೆಯನ್ನು ಬೆಲ್ಲದಂಥ ಸಕ್ಕರೆ, ಚಕ್ಕೆ, ನೀರು ಹಾಕಿ ಕೆಲವು ದಿನ ಬಿಟ್ಟು ತೆಪಾಚೆ ಅಂತ ನೊರೆ ನೊರೆ ಪಾನೀಯ ಮಾಡುತ್ತಾರೆ. ಚೆನ್ನಾಗಿರುತ್ತದೆ, ಆದರೆ ಅದು ಬೇರೆ ಕೆಲಸ. ನಿಮ್ಮ ಬಿಗಿ ಮುಚ್ಚಳದ ಬಾಟಲಿಯಲ್ಲಿ ಅದು ಶುರುವಾದರೆ ಗಾಜು ಒಡೆದೀತು.

ನಿಂಬೆ, ಕಿತ್ತಳೆಗೆ ಲೆಕ್ಕವೇ ಬೇರೆ. ಪರಿಮಳ ಇರುವುದು ಮೇಲಿನ ಬಣ್ಣದ ಪದರದ ಎಣ್ಣೆಯಲ್ಲಿ, ಒಳಗಿನ ಬಿಳಿ ಬರೀ ಕಹಿ. ರಸ ಹಿಂಡುವ ಮೊದಲೇ ಮೇಲಿನ ಪದರ ತೆಳ್ಳಗೆ ಹೆರೆದುಕೊಳ್ಳಿ, ಹಿಂಡಿದ ಹೋಳಿನಿಂದ ಹೆರೆಯಲು ಹೋದರೆ ಬೆರಳು ಹೆರೆದೀತು. ಅಂಗಡಿಯ ಹಣ್ಣಿಗೆ ಮೇಣದ ಹೊಳಪಿದ್ದರೆ ಬಿಸಿ ನೀರಲ್ಲಿ ತಿಕ್ಕಿ. ಸಕ್ಕರೆಯ ಜೊತೆ ಕೈಯಲ್ಲಿ ಚೆನ್ನಾಗಿ ಹಿಸುಕಿ ಕೆಲವು ಗಂಟೆ ಬಿಡಿ, ಆಮೇಲೆ ಅದೇ ಹಣ್ಣಿನ ರಸ ಬಿಸಿ ಮಾಡಿ ಸುರಿದು ಕರಗಿಸಿ. ಸಿಪ್ಪೆಯನ್ನು ಒಲೆಯ ಮೇಲೆ ಇಡುವುದೇ ಬೇಡ, ಅದಕ್ಕೇ ಇದನ್ನು ಒಂದು ವಾರದೊಳಗೆ ಮುಗಿಸಿ.

ಸೇಬಿನ ಸಿಪ್ಪೆಯೂ ಆಗುತ್ತದೆ, ಬೀಜ ಮಾತ್ರ ತೆಗೆದುಬಿಡಿ. ಮಾವು ನನ್ನ ಲೆಕ್ಕದಲ್ಲಿ ಬೇಡ. ಸಿಪ್ಪೆಯಲ್ಲಿ ಸೊನೆ ಉಳಿದರೆ ಕೆಲವರಿಗೆ ತುಟಿ ತುರಿಸುತ್ತದೆ. ಗೊರಟೆ ಮಾವಿನಹಣ್ಣಿನ ಸಾಸಿವೆ ಅನ್ನುವ ಅಡುಗೆಗೇ ಹೋಗಲಿ, ಅದಕ್ಕೆ ಅಲ್ಲೇ ಮರ್ಯಾದೆ.

ಕಂಪನಿಯ ಸಿರಪ್ಪಿನಷ್ಟು ಸಕ್ಕರೆ ನಮ್ಮದರಲ್ಲಿ ಇಲ್ಲ, ಕೆಡದಂತೆ ಹಾಕುವ ಪುಡಿಯೂ ಇಲ್ಲ. ಕುದಿಸಿದ್ದನ್ನೂ ಫ್ರಿಜ್ಜಿನಲ್ಲೇ ಇಟ್ಟು ಎರಡು ವಾರದೊಳಗೆ ಮುಗಿಸಬೇಕು. ನೊರೆ ಬಂದರೆ, ಹುಳಿ ವಾಸನೆ ಹೊಡೆದರೆ ಚೆಲ್ಲಿ. ಶುಗರ್ ಇರುವವರು ಸಿಪ್ಪೆಯದ್ದು ಅಂತ ಮೋಸ ಹೋಗಬೇಡಿ, ಇದೂ ಸಕ್ಕರೆಯೇ.

ತಣ್ಣನೆ ಸೋಡಕ್ಕೆ ಎರಡು ಚಮಚ ಹಾಕಿ ಚಿಟಿಕೆ ಉಪ್ಪು ಬೆರೆಸಿದರೆ ಮಕ್ಕಳು ಕೇಳಿ ಕೇಳಿ ಕುಡಿಯುತ್ತಾರೆ. ನನಗೆ ಇಷ್ಟವಾಗುವುದು ಮಾತ್ರ ಕೇಸರಿಬಾತಿನಲ್ಲಿ. ತುಪ್ಪದಲ್ಲಿ ರವೆ ಹುರಿದು, ನೀರಲ್ಲಿ ಬೇಯಿಸಿ, ಅರ್ಧ ಸಕ್ಕರೆ ಕಡಿಮೆ ಮಾಡಿ ಆ ಜಾಗಕ್ಕೆ ಈ ಅನಾನಸ್ ಸಿರಪ್ ಸುರಿಯಿರಿ. ಸಿರಪ್ಪಿನಲ್ಲಿ ನೀರಿನಂಶ ಇರುತ್ತದೆ, ಬೇಯಿಸುವ ನೀರನ್ನು ಅಷ್ಟು ತಗ್ಗಿಸಿ. ಎಸೆನ್ಸ್ ಬಾಟಲಿ ಕಪಾಟಿನಲ್ಲೇ ಇರಲಿ. ನಮಸ್ಕಾರ.