ಈ ತಿಂಗಳ ಪ್ರಕಟಣೆ: ಬೆಳೆಹಬ್ಬ, ಹಿರಿಯರ ಚುನಾವಣೆ, ಕ್ಯಾರಲ್ಸ್, ಮತ್ತೆ ಅದೇ ಮೆಗಾಬ್ಲಾಕ್

ಎಲ್ಲರಿಗೂ ವಂದನೆ, ಹೇಗಿದ್ದೀರಿ. ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಸಭೆಯ ಈ ತಿಂಗಳ ಸುದ್ದಿ ತಗೊಂಡು ಬಂದಿದ್ದೇನೆ. ಉಡುಪಿ, ಮಂಗ್ಳೂರು, ಧಾರವಾಡ, ಗದಗ ಅಂತ ಎಲ್ಲಾ ಕಡೆಯಿಂದ ಮೆಸೇಜ್ ಬರ್ತಾ ಉಂಟು, ಮುಂಬೈಯಲ್ಲಿ ಕನ್ನಡ ಆರಾಧನೆ ಇನ್ನೂ ನಡೀತದಾ, ಬೆಳೆಹಬ್ಬ ಯಾವಾಗ, ನಮ್ಮ ಹುಡುಗ ಅಲ್ಲಿ ಹೊಸತಾಗಿ ಕೆಲಸಕ್ಕೆ ಸೇರಿದ್ದಾನೆ ಅವನನ್ನು ಎಲ್ಲಿಗೆ ಕಳಿಸುದು ಅಂತ. ಒಬ್ಬೊಬ್ಬರಿಗೆ ಟೈಪ್ ಮಾಡ್ತಾ ಕೂತ್ರೆ ಮುಗಿಯುದಿಲ್ಲ, ಅದಕ್ಕೆ ಒಟ್ಟಿಗೇ ಹೇಳಿಬಿಡ್ತೇನೆ. ಸ್ವಲ್ಪ ಉದ್ದ ಆದೀತು, ಚಾ ಇಟ್ಕೊಂಡು ಕೂತ್ಕೊಳ್ಳಿ.

ಹೊಸಬರಿಗೆ ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನಮ್ಮದು ಅಂತ ಸ್ವಂತ ಕಟ್ಟಡ ಇಲ್ಲ. ಈಗ ವಿಡಿಯೋದಲ್ಲಿ ಕಾಣ್ತಾ ಉಂಟಲ್ಲ, ಈ ಹಳೇ ಕಲ್ಲಿನ ಚರ್ಚು, ಇದ್ರಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಆಮೇಲೆ ಇಂಗ್ಲಿಷ್, ಸಂಜೆ ನಾವು. ಊರಲ್ಲಿ ನಾವೆಲ್ಲ ಬಾಸೆಲ್ ಮಿಶನ್ ಕಡೆಯವರು, 1834ರಲ್ಲಿ ಮಂಗ್ಳೂರಿಗೆ ಬಂದು ಇಳಿದ ಮಿಶನ್ನು, ಈಗ ಸಿಎಸ್‌ಐ, ಅಂದ್ರೆ ದಕ್ಷಿಣ ಭಾರತ ಸಭೆ. ಮುಂಬೈಯಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು, ಅಂದ್ರೆ ಪ್ರೊಟೆಸ್ಟೆಂಟರ ಒಂದು ಪಂಗಡದವರು, ಕಟ್ಟಿದ ಸಭೆಗಳು ಸಿಎನ್‌ಐ, ಅಂದ್ರೆ ಉತ್ತರ ಭಾರತ ಸಭೆ, ಅದರ ಒಳಗೆ ಸೇರಿವೆ. ಅಲ್ಲಿಂದ ಇಲ್ಲಿಗೆ ಬಂದವರಿಗೆ ದೊಡ್ಡ ವ್ಯತ್ಯಾಸ ಏನೂ ಅನ್ನಿಸುದಿಲ್ಲ, ಹಾಡಿನ ರಾಗ ಗೊತ್ತಿರ್ತದೆ, ಎಲ್ಲಿ ಎದ್ದು ನಿಲ್ಬೇಕು ಎಲ್ಲಿ ಕೂತ್ಕೊಬೇಕು ಅಂತ ಮಾತ್ರ ಮೊದಲೆರಡು ವಾರ ಪಕ್ಕದವರನ್ನ ನೋಡಿ ಮಾಡ್ಬೇಕು.

ಸರಿ, ಬೆಳೆಹಬ್ಬ, ಅಂದ್ರೆ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳಿ, ತಂದ ಕಾಣಿಕೆ ಏಲಂ ಹಾಕುವ ಹಬ್ಬ. ಮೊದಲು ಎರಡನೇ ಭಾನುವಾರ ಅಂತ ಇತ್ತು, ಈಗ ಮೂರನೇ ಭಾನುವಾರಕ್ಕೆ ಹಾಕಿದ್ದಾರೆ. ಕಾರಣ ಕೇಳ್ಬೇಡಿ, ಮೆಗಾಬ್ಲಾಕ್. ಮುಂಬೈಯ ಹೊರಗಿನವರಿಗೆ ಇದು ಅರ್ಥ ಆಗ್ಲಿಕ್ಕಿಲ್ಲ, ಭಾನುವಾರ ಹಳಿ ರಿಪೇರಿ ಮಾಡ್ಲಿಕ್ಕೆ ಬೆಳಿಗ್ಗೆ 11ರ ಹೊತ್ತಿಗೆ ಶುರು ಮಾಡಿ ಸಂಜೆ 4ರ ತನಕ ಲೋಕಲ್ ರೈಲನ್ನ ಬೇರೆ ಲೈನಿಗೆ ತಿರುಗಿಸ್ತಾರೆ, ಇಲ್ಲಾ ಕ್ಯಾನ್ಸಲ್ ಮಾಡ್ತಾರೆ, ನಮ್ಮ ಜನ ಅರ್ಧಕ್ಕರ್ಧ ಡೊಂಬಿವಲಿ ಕಲ್ಯಾಣ್ ಕಡೆಯವರು, ಇನ್ನರ್ಧ ವಾಶಿ ನೆರೂಲ್ ಕಡೆಯವರು, ಹಾಗಾಗಿ ಯಾವ ಲೈನಲ್ಲಿ ಬ್ಲಾಕ್ ಉಂಟು ಅಂತ ನೋಡಿಯೇ ನಮ್ಮ ಸೆಕ್ರೆಟರಿ ಅಂಕಲ್ ಎಲ್ಲ ಕಾರ್ಯಕ್ರಮ ಫಿಕ್ಸ್ ಮಾಡುದು. ಪಂಚಾಂಗ ನೋಡಿ ಮದುವೆ ಇಟ್ಟ ಹಾಗೆ. ಮೂರನೇ ವಾರಕ್ಕೂ ಬ್ಲಾಕ್ ಬಂದ್ರೆ ಇನ್ನು ಮುಂದೂಡುದಿಲ್ಲ, ಬಂದವರಿಗೆ ಹಬ್ಬ ಅಂತ ಅವರು ಹೇಳಿದ್ದಾರೆ, ಬೇಜಾರಲ್ಲೇ ಹೇಳಿದ್ದು.

ಬೆಳೆಹಬ್ಬದ ಏಲಂ ನೋಡದವರು ಒಮ್ಮೆ ಬರ್ಲೇಬೇಕು ಮಾರಾಯ್ರೆ. ಮುಂಬೈಯಲ್ಲಿ ಎಂತ ಬೆಳೆ ಅಂತ ನಗ್ಬೇಡಿ. ಒಬ್ಬರು ಊರಿಂದ ಕುಚ್ಚಲಕ್ಕಿ ತರಿಸ್ತಾರೆ, ಒಬ್ಬರು ಬಾಲ್ಕನಿಯ ಕುಂಡದಲ್ಲಿ ಆದ ನಾಲ್ಕು ಬದನೆ ತರ್ತಾರೆ, ಬದಾಮಿ ಕಡೆಯ ಒಬ್ಬ ಅಕ್ಕ ಪ್ರತಿ ವರ್ಷ ಜೋಳದ ರೊಟ್ಟಿಯ ಕಟ್ಟು ಮತ್ತೆ ಶೇಂಗಾ ಚಟ್ನಿ. ಏಲಂ ಕೂಗುವ ಅಂಕಲ್ ಮುಂಬೈಯ ಬೆಸ್ಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು, ಈಗ ರಿಟೈರ್ಡ್. ಟಿಕೆಟ್ ಪಂಚ್ ಡಿಪೋಕ್ಕೆ ವಾಪಸ್ ಹೋಗಿದೆ, ಆದ್ರೆ ಕೈ ಸುಮ್ನಿರುದಿಲ್ಲ, ಒಂದು ಸ್ಟೀಲ್ ಚಮಚ ಹಿಡ್ಕೊಂಡು ಮೇಜಿಗೆ ಟಕ್ ಟಕ್ ಅಂತ ಬಡೀತಾ, ಎದುರಿಗೆ ಜನ ಗುಂಪಾದ್ರೆ ಪುಢೆ ಚಲಾ ಪುಢೆ ಚಲಾ, ಅಂದ್ರೆ ಮುಂದೆ ನಡೀರಿ ಅಂತ ಮರಾಠಿಯಲ್ಲಿ ದಬಾಯಿಸಿ, ಮತ್ತೆ ಕನ್ನಡಕ್ಕೆ ಬಂದು ಒಂದು ಸಾರಿ, ಎರಡು ಸಾರಿ ಅಂತ ನಿಲ್ಲಿಸಿ, ಎಲ್ಲರ ಮುಖ ನೋಡ್ತಾರೆ. ಆ ನಿಲ್ಲಿಸುದ್ರಲ್ಲೇ ಇನ್ನೂರು ರೂಪಾಯಿ ಜಾಸ್ತಿ ಆಗ್ತದೆ. ಹೋದ ವರ್ಷದ ಕ್ಲಿಪ್ ಹಾಕಿದ್ದೇನೆ ನೋಡಿ, ಆ ಕುಂಬಳಕಾಯಿ. ಒಬ್ಬರು ತಗೊಂಡ್ರು, ತಗೊಂಡು ಸಭೆಗೇ ವಾಪಸ್ ಕೊಟ್ರು, ಮತ್ತೆ ಏಲಂ, ಇನ್ನೊಬ್ಬರು ತಗೊಂಡ್ರು, ಅವರೂ ಕೊಟ್ರು. ಕಡೆಗೆ ಆ ಕುಂಬಳಕಾಯಿಯ ಸಾಂಬಾರ್ ಯಾರು ಮಾಡಿದ್ರೋ ದೇವರಿಗೇ ಗೊತ್ತು. ಈ ಸಲ ಏಲಂ ದುಡ್ಡು ಎಲ್ಲ ಎಲ್ಲಿಗೆ ಹೋಗ್ತದೆ ಅಂತ ಮುಂದೆ ಹೇಳ್ತೇನೆ.

ಹೂವಿನ ಕೆಲಸಕ್ಕೆ ಜನ ಬೇಕು. ಹಿಂದಿನ ದಿನ ಶನಿವಾರ ಬೆಳಿಗ್ಗೆ ದಾದರ್ ಹೂವಿನ ಮಾರ್ಕೆಟಿಗೆ ಹೋಗ್ಲಿಕ್ಕುಂಟು, ಗೊಂಡೆ ಹೂ, ಮಾವಿನ ಸೊಪ್ಪು, ಬಾಳೆ ಕಂಬ. ಬೇಗ ಏಳುವವರು ಮಾತ್ರ ಹೆಸರು ಕೊಡಿ, ಏಳುತ್ತೇನೆ ಅಂತ ಹೇಳುವವರು ಬೇಡ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಬೆಳೆಹಬ್ಬದ ಮರುವಾರ ಆರಾಧನೆ ಆದ ಕೂಡ್ಲೇ ಸಾಮಾನ್ಯ ಸಭೆ, ಹಿರಿಯರ ಚುನಾವಣೆ. ಇದಕ್ಕೆ ಎಷ್ಟು ಜನ ಕೂತ್ಕೊಳ್ತಾರೆ ಅಂತ ನಮಗೆಲ್ಲ ಗೊತ್ತುಂಟು. ಏಲಂಗೆ ಹಾಲ್ ತುಂಬ್ತದೆ, ಚುನಾವಣೆ ಅಂದ ಕೂಡ್ಲೇ ಎಲ್ಲರಿಗೂ ಟ್ರೇನ್ ನೆನಪಾಗ್ತದೆ. ಮುಂದಿನ ಮೂರು ವರ್ಷ ಮಾತ್ರ, ಆ ಕಮಿಟಿ ಹಾಗೆ ಮಾಡ್ತು, ಈ ಕಮಿಟಿ ಹೀಗೆ ಮಾಡ್ತು ಅಂತ ವಾಟ್ಸಾಪಲ್ಲಿ ಪುರಾಣ. ನಾನು ಇಲ್ಲಿ ನೇರ ಹೇಳ್ತೇನೆ, ಓಟು ಹಾಕದೆ ಗೊಣಗುವವರ ವಾಯ್ಸ್ ಮೆಸೇಜ್ ನಾನು ಇನ್ಮೇಲೆ ಕೇಳುದಿಲ್ಲ.

ಯಾಕೆ ಇಷ್ಟು ಖಾರ ಅಂದ್ರೆ, ಪ್ರೆಸ್ಬಿಟೇರಿಯನ್ ಅಂದ್ರೇ ಸಭೆಯವರು ಆರಿಸಿದ ಹಿರಿಯರು ಪಾಸ್ಟರ ಜೊತೆ ಕೂತು ಸಭೆ ನಡೆಸುವ ಪದ್ಧತಿ, ಅದು ಬಿಟ್ಟಿಯಾಗಿ ಸಿಕ್ಕಿದ್ದಲ್ಲ. ಸ್ಕಾಟ್ಲೆಂಡಲ್ಲಿ ಊರಿಗೆ ಪಾಸ್ಟರ್ ಯಾರು ಅಂತ ಹೆಸರು ಹೇಳುವ ಹಕ್ಕು ಜಮೀನ್ದಾರರ ಕೈಯಲ್ಲಿ ಇತ್ತು, ಜನರಿಗೆ ಬೇಡದವನನ್ನೂ ತಂದು ಕೂರಿಸ್ಬಹುದಿತ್ತು, ಕೋರ್ಟೂ ಜಮೀನ್ದಾರರ ಕಡೆಗೇ ಹೇಳ್ತು. 1843ರ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ನಡೆದ ಚರ್ಚಿನ ಮಹಾಸಭೆಯಿಂದ ಒಂದಷ್ಟು ಪಾಸ್ಟರುಗಳು ಎದ್ದು ಹೊರಗೆ ನಡೆದ್ರು, ಕೊನೆಗೆ ಲೆಕ್ಕ 450ಕ್ಕೂ ಮೇಲೆ ಹೋಯ್ತು. ಸಂಬಳ ಬಿಟ್ರು, ಇದ್ದ ಮನೆ ಬಿಟ್ರು, ಚರ್ಚಿನ ಕಟ್ಟಡ ಬಿಟ್ರು. ಹೆಂಡ್ತಿ ಮಕ್ಕಳನ್ನು ಕಟ್ಕೊಂಡು ಮನೆ ಬಿಡುದು ಅಂದ್ರೆ ಸುಮ್ನೆ ಅಲ್ಲ. ಹಾಗೆ ಆದದ್ದು ಫ್ರೀ ಚರ್ಚ್. ಅದೇ ವರ್ಷ ಜುಲೈ 1ಕ್ಕೆ ಇತ್ಲಾಗೆ ನಮ್ಮ ಮಂಗ್ಳೂರಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ ಶುರುವಾಯ್ತು, ಕನ್ನಡದ ಮೊದಲ ಪತ್ರಿಕೆ. ಎರಡಕ್ಕೂ ಸಂಬಂಧ ಏನಿಲ್ಲ, ಒಂದೇ ವರ್ಷ ಅಂತ ನಂಗೆ ಖುಷಿ, ಅಷ್ಟೇ.

ಆ ಜಗಳ ಮುಂಬೈಗೂ ಬಂತು. ಸ್ಕಾಟ್ಲೆಂಡಿನ ಮಿಶನರಿ ಜಾನ್ ವಿಲ್ಸನ್ 1829ರಲ್ಲಿ ಇಲ್ಲಿಗೆ ಬಂದವರು, 1832ರಲ್ಲಿ ಅವರು ಶುರು ಮಾಡಿದ ಶಾಲೆಯೇ ಬೆಳೆದು ಚೌಪಾಟಿ ಎದುರಿನ ವಿಲ್ಸನ್ ಕಾಲೇಜ್ ಆದದ್ದು. ಅವರು ಹೊರಗೆ ಹೋದವರ ಪಕ್ಷ ಹಿಡಿದ್ರು. ಅಲ್ಲಿಂದ ಫೋರ್ಟಿನ ಸೇಂಟ್ ಆಂಡ್ರೂಸ್ ಚರ್ಚು ಹಳೇದ್ರಲ್ಲೇ ಉಳಿದವರ ಪಕ್ಷದ್ದು, ಗಿರಗಾಂವಿನ ಅಂಬ್ರೋಲಿ ಚರ್ಚು ಹೊರಗೆ ಹೋದವರ ಪಕ್ಷದ್ದು. ಸ್ಕಾಟ್ಲೆಂಡಲ್ಲಿ ದೊಡ್ಡ ಮಟ್ಟಿಗೆ ಮತ್ತೆ ಒಟ್ಟಾಗ್ಲಿಕ್ಕೆ 1929 ಆಯ್ತು. ಅಷ್ಟು ವರ್ಷದ ಮನಸ್ತಾಪ ಯಾವುದಕ್ಕೆ, ಬೆಂಚಲ್ಲಿ ಕೂತವರಿಗೆ ಮಾತಿರ್ಬೇಕು ಅಂತ. ನಾವು ಅದೇ ಬೆಂಚಿಂದ ಎದ್ದು 7.42ರ ಕಲ್ಯಾಣ್ ಸ್ಲೋ ಹಿಡೀಲಿಕ್ಕೆ ಓಡ್ತೇವೆ.

ಇನ್ನೊಂದು, ಈ ಸಲ ಹೆಂಗಸರು ನಿಲ್ಬೇಕು, ಮುಖ್ಯವಾಗಿ ಮೂವತ್ತರ ಆಸುಪಾಸಿನವರು. ಅಡುಗೆ ಲೆಕ್ಕ, ಸಂಡೇ ಸ್ಕೂಲು, ರೋಗಿಗಳ ಭೇಟಿ ಎಲ್ಲ ಹೆಂಗಸರೇ ಮಾಡುದು, ಮೀಟಿಂಗಲ್ಲಿ ಮಾತ್ರ ಹಿಂದಿನ ಸಾಲು ಯಾಕೆ. ನಾನು ಇದನ್ನು ಹೇಳಿದ್ದಕ್ಕೆ ನಮ್ಮ ಪಾಸ್ಟರ್ ಅಯ್ಯನವರು ನಕ್ಕು, ಹೆಸರು ಬರೆದು ಕೊಡಿ, ಸೂಚಿಸುವವರ ಸಹಿ ಅನುಮೋದಿಸುವವರ ಸಹಿ ಎರಡೂ ಬೇಕು ಅಂದ್ರು. ಫಾರ್ಮ್ ಅವರ ಹತ್ರವೇ ಉಂಟು.

ನವೆಂಬರ್ 29 ಈ ಸಲ ಭಾನುವಾರವೇ ಬಂದಿದೆ. ಆ ದಿನ ಅಡ್ವೆಂಟಿನ, ಅಂದ್ರೆ ಕ್ರಿಸ್‌ಮಸ್‌ಗೆ ಸಿದ್ಧ ಆಗುವ ಕಾಲದ, ಮೊದಲ ಭಾನುವಾರ, ಜೊತೆಗೆ ಸಿಎನ್‌ಐ ಹುಟ್ಟಿದ ದಿನ, 1970ರಲ್ಲಿ ನಾಗಪುರದಲ್ಲಿ ಆರು ಸಭೆಗಳು ಸೇರಿ ಒಂದಾದದ್ದು. ಮರುದಿನ 30 ಸಂತ ಆಂಡ್ರೂಸ್ ದಿನ, ಸ್ಕಾಟ್ಲೆಂಡಿನವರಿಗೆ ದೊಡ್ಡ ದಿನ. ಮರಾಠಿ, ಇಂಗ್ಲಿಷ್, ಕನ್ನಡ ಮೂರೂ ಸೇರಿ ಒಂದೇ ಆರಾಧನೆ, ಬೆಳಿಗ್ಗೆ. ಕರ್ತನ ಭೋಜನ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ತಗೊಳ್ಳುದು, ಉಂಟು. ಕನ್ನಡ ಪಾಠ ಓದುದು ಈ ಸಲ ಸಂಡೇ ಸ್ಕೂಲ್ ಮಕ್ಕಳು, ಬೈಬಲಿನ ಯೆಶಾಯನ ಪುಸ್ತಕದ ಒಂದು ಭಾಗ. ಇಂಗ್ಲಿಷ್ ಮೀಡಿಯಂ ಮಕ್ಕಳು, ಒತ್ತಕ್ಷರ ಬಂದ್ರೆ ಗಾಡಿ ನಿಲ್ತದೆ, ಆದ್ರೂ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಓದುದು ಬೇಡ ಅಂತ ಟೀಚರ್ ಹಟ ಹಿಡಿದಿದ್ದಾರೆ. ಒಬ್ಬಳು ಪುಟ್ಟಿ ಕನ್ನಡ ಅಕ್ಷರದ ಮೇಲೆಲ್ಲ ಪೆನ್ಸಿಲಲ್ಲಿ ಸಣ್ಣ ಸಣ್ಣ ಗೆರೆ ಹಾಕಿ ಎಲ್ಲಿ ಉಸಿರು ತಗೊಳ್ಬೇಕು ಅಂತ ಗುರುತು ಮಾಡಿದ್ದಾಳೆ, ಕ್ಯಾಮರಾ ಹತ್ರ ತಂದು ತೋರಿಸಿದ್ದೇನೆ ನೋಡಿ. ತಡವರಿಸಿದ್ರೆ ಯಾರೂ ಕೂತಲ್ಲಿಂದ ತಿದ್ಲಿಕ್ಕೆ ಹೋಗ್ಬೇಡಿ, ಪ್ಲೀಸ್.

ಯುವಜನ ಸಂಘದ ಫೋರ್ಟ್ ವಾಕ್ ಅದಕ್ಕೂ ಮುಂಚಿನ ಭಾನುವಾರ ಬೆಳಿಗ್ಗೆ. ಸಿಎಸ್‌ಎಂಟಿಯಲ್ಲಿ ಸೇರಿ, ಲಯನ್ ಗೇಟ್ ಹತ್ರದ ಸೇಂಟ್ ಆಂಡ್ರೂಸಿಂದ ಶುರು. 1819ರ ಕಟ್ಟಡ ಅದು, 1826ರಲ್ಲಿ ಗೋಪುರಕ್ಕೆ ಸಿಡಿಲು ಬಡಿದು ಮತ್ತೆ ಕಟ್ಟಿದ್ದು. ಅದರ ಹತ್ರವೇ ಐಸ್ ಹೌಸ್ ಇತ್ತು, ಅಮೆರಿಕದ ಕೆರೆಗಳಿಂದ ಐಸ್ ಕೊಯ್ದು ಹಡಗಲ್ಲಿ ತಂದು ಇಡ್ತಿದ್ರು, ಮರದ ಹೊಟ್ಟಿನಲ್ಲಿ ಮುಚ್ಚಿ. ಈಗ ಐಸ್ ಹೌಸ್ ಇಲ್ಲ. ಅಲ್ಲಿಂದ ಅಂಬ್ರೋಲಿ, ಆಮೇಲೆ ವಿಲ್ಸನ್ ಕಾಲೇಜ್ ಹೊರಗಿಂದ ನೋಡಿ ಚೌಪಾಟಿ. ಚೌಪಾಟಿಯಲ್ಲಿ ತಿಂಡಿ ಖರ್ಚು ಅವರವರದ್ದು, ಸಂಘದ ಲೆಕ್ಕಕ್ಕೆ ಬರೆಸಬೇಡಿ.

ಈಗ ಏಲಂ ದುಡ್ಡಿನ ಮಾತು. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಊರಿಂದ ಎಷ್ಟು ಜನ ಬರ್ತಾರೆ ಅಂತ ಅಲ್ಲಿ ಒಮ್ಮೆ ಹೊರಗಿನ ಫುಟ್‌ಪಾತಲ್ಲಿ ನಡೆದು ನೋಡಿದ್ರೆ ಗೊತ್ತಾಗ್ತದೆ. ಕೀಮೋ ಒಂದು ದಿನದ ಕೆಲಸ ಅಲ್ಲ, ಮೂರು ವಾರಕ್ಕೊಮ್ಮೆ ಅಂತಾರೆ, ಊರಿಗೆ ಹೋಗಿ ಬರ್ಲಿಕ್ಕೆ ಶಕ್ತಿಯೂ ಇಲ್ಲ ದುಡ್ಡೂ ಇಲ್ಲ, ಇಲ್ಲೇ ಎಲ್ಲಾದ್ರೂ ರೂಮ್ ಹಿಡ್ಕೊಂಡು ಇರ್ಬೇಕು. ಹಿಂದಿ ಬಾರದ ಹಾವೇರಿ ಕಡೆಯ ಒಬ್ಬ ಅಜ್ಜಿ ರಿಪೋರ್ಟ್ ಫೈಲ್ ಎದೆಗೆ ಒತ್ತಿ ಹಿಡ್ಕೊಂಡು ನಿಂತಿದ್ರಂತೆ, ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದವರು ಹತ್ರ ಹೋಗಿ ಅಮ್ಮಾ ಯಾವೂರ್ರಿ ಅಂದದ್ದೇ ತಡ, ಫೈಲ್ ಅವರ ಕೈಗೆ ಕೊಟ್ಟು ಅಲ್ಲೇ ಕೂತುಬಿಟ್ರಂತೆ. ವಾರಕ್ಕೆ ಎರಡು ದಿನ ಗಂಜಿ, ಚಟ್ನಿ, ಬೇಯಿಸಿದ ತರಕಾರಿ ತಗೊಂಡು ಹೋಗ್ತಾರೆ. ಆದ್ರೆ ಅಡುಗೆಗಿಂತ ಜೊತೆಗೆ ಕ್ಯೂನಲ್ಲಿ ನಿಲ್ಲುವವರು, ಡಾಕ್ಟ್ರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವವರು ಹೆಚ್ಚು ಬೇಕು. ವರ್ಕ್ ಫ್ರಂ ಹೋಮ್ ಇರುವವರು ಯೋಚ್ನೆ ಮಾಡಿ. ಹಣ ಪೂರ್ತಿ ಈ ಕೆಲಸಕ್ಕೇ ಹೋಗುದು.

ಅದೇ ಪರೇಲಲ್ಲಿ ಮಿಜೋ ಜನರ ಪರಿಚಯ ಆದದ್ದು. ಮಿಜೋರಾಂ ಅಂದ್ರೆ ಪ್ರೆಸ್ಬಿಟೇರಿಯನ್ನರ ರಾಜ್ಯ ಅಂದ್ರೂ ತಪ್ಪಿಲ್ಲ, ಚಿಕಿತ್ಸೆಗೆ ಅವರೂ ತುಂಬಾ ಬರ್ತಾರೆ. ಅವರಲ್ಲಿ ಒಂದು ಪದ್ಧತಿ ಉಂಟು, ಅನ್ನಕ್ಕೆ ಅಕ್ಕಿ ಅಳೆಯುವಾಗೆಲ್ಲ ಒಂದು ಹಿಡಿ ಸಭೆಗೆ ಅಂತ ತೆಗೆದಿಡುದು, ಬುಹ್‌ಫಾಯ್ ಥಾಮ್ ಅಂತಾರೆ, 1910ರಿಂದ ಹೆಂಗಸರು ನಡೆಸ್ಕೊಂಡು ಬಂದದ್ದು, ಆ ಹಿಡಿ ಅಕ್ಕಿಯನ್ನು ಮಾರಿ ಬಂದ ದುಡ್ಡಲ್ಲಿ ಎಷ್ಟೋ ಮಿಶನರಿಗಳ ಸಂಬಳ ಆಗ್ತದೆ. ನಮ್ಮ ಅಜ್ಜಿಯೂ ಅಡುಗೆಮನೆ ಮೂಲೆಯಲ್ಲಿ ಹಿಡಿಯಕ್ಕಿ ಡಬ್ಬ ಇಟ್ಟಿದ್ರು. ಈಗ ನಮ್ಮ ಮನೆಯಲ್ಲಿ ಕ್ಯೂಆರ್ ಕೋಡ್. ಡಿಸೆಂಬರ್ ಎರಡನೇ ಶನಿವಾರದ ಕ್ಯಾರಲ್, ಅಂದ್ರೆ ಕ್ರಿಸ್‌ಮಸ್ ಹಾಡಿನ, ಸಂಜೆಗೆ ಅವರ ಹುಡುಗ್ರು ಹುಡುಗಿಯರು ಹಾಡ್ತಾರೆ. ನಾಲ್ಕು ಸ್ವರದಲ್ಲಿ ಸೋಲ್ಫಾ, ಅಂದ್ರೆ ಡೋ ರೇ ಮಿ ಅಂತ ಬರೆದ ಸ್ವರ, ನೋಡಿ ಹಾಡುವ ಜನ ಅವರು, ಪ್ರಾಕ್ಟೀಸಿಗೆ ಬಾರದ ನಮ್ಮ ಟೆನರ್‌ಗಳು ಆ ದಿನ ಮುಖ ಎಲ್ಲಿಡ್ತಾರೆ ನೋಡುವ. ಪ್ರಾಕ್ಟೀಸ್ ಪ್ರತಿ ಭಾನುವಾರ ಆರಾಧನೆಗೆ ಒಂದು ಗಂಟೆ ಮುಂಚೆ.

ಮನೆ ಮನೆಗೆ ಕ್ಯಾರಲ್ಸ್ ಮೂರು ರಾತ್ರಿ. ಒಂದು ರಾತ್ರಿ ಥಾಣೆಯಿಂದ ಕಲ್ಯಾಣ್, ಒಂದು ಅಂಧೇರಿಯಿಂದ ಬೊರಿವಲಿ, ಒಂದು ನವಿ ಮುಂಬೈ. ಮಿರಾ ರೋಡಿನವರು ಬೊರಿವಲಿಗೆ ಬನ್ನಿ, ಅಷ್ಟು ದೂರ ಈ ಸಲ ಆಗುದಿಲ್ಲ, ಬೈಬೇಡಿ. ಸೊಸೈಟಿ ವಾಚ್‌ಮನ್‌ಗೆ ಮೊದಲೇ ಹೇಳಿಡಿ, ಹತ್ತು ಗಂಟೆ ನಂತರ ಡ್ರಮ್ ಇಲ್ಲ. ಕಲ್‌ಕಲ್, ನೆವ್ರಿ, ಅಚ್ಚಪ್ಪ ಕೊಟ್ರೆ ಸಂತೋಷವಾಗಿ ತಗೊಳ್ತೇವೆ, ಆದ್ರೆ ಪ್ರತಿ ಮನೆಯಲ್ಲೂ ಚಾ ಕುಡಿಸ್ಬೇಡಿ, ರಾತ್ರಿ ಬಸ್ಸಲ್ಲಿ ಹೋಗುವವರ ಕಷ್ಟ ಅರ್ಥ ಮಾಡ್ಕೊಳ್ಳಿ. ಲಿಫ್ಟ್ ಇಲ್ಲದ ನಾಲ್ಕನೇ ಮಾಳಿಗೆಯವರು ದಯವಿಟ್ಟು ನೀವೇ ಕೆಳಗೆ ಬನ್ನಿ, ಕೀಬೋರ್ಡ್ ಹೊರುದು ನನ್ನ ತಮ್ಮ, ಅವನು ಈಗ್ಲೇ ಮುನಿಸ್ಕೊಂಡಿದ್ದಾನೆ. ಹೆಸರು, ವಿಳಾಸ, ಹತ್ತಿರದ ಸ್ಟೇಶನ್ ಈಸ್ಟಾ ವೆಸ್ಟಾ ಎಲ್ಲ ಬರೆದು ಬೆಳೆಹಬ್ಬದ ದಿನವೇ ಕೊಟ್ಟುಬಿಡಿ.