ಶುರು ಮಾಡೋದಕ್ಕೆ ಸಾಲ ಸಿಗುತ್ತದೆ, ಮೂರನೇ ವರ್ಷಕ್ಕೆ ಏನು?

ಎಲ್ಲರಿಗೂ ನಮಸ್ಕಾರ.

ಆಮಂತ್ರಣದಲ್ಲಿ ಇವತ್ತಿನ ವಿಷಯ ಬಹಳ ಉದ್ದ ಇದೆ. ಸಣ್ಣ ಉದ್ಯಮ, ಹೊಸ ಪ್ರಯೋಗ, ಅದಕ್ಕೆ ನಮ್ಮ ಭಾಗದಲ್ಲಿ ಹೇಗೆ ಬೆಂಬಲ ಕೊಡಬೇಕು ಅನ್ನೋದು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಶಾಖೆಗಳಲ್ಲಿ ಕೂತು ಸಣ್ಣ ಸಾಲದ ಅರ್ಜಿ ಓದಿದ್ದೇನೆ. ಹಾಗಾಗಿ ನನ್ನ ಮಾತಿನಲ್ಲಿ ಸಿದ್ಧಾಂತ ಕಮ್ಮಿ, ಲೆಕ್ಕದ ಪುಸ್ತಕ ಜಾಸ್ತಿ.

ಮೊದಲು ಒಂದು ಹಳೆಯ ಕಥೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯವರೇ, ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಲು ಕೈ ಹಾಕಿದರು. ಕಬ್ಬಿಣ ತಾಕಿದರೆ ಮಣ್ಣಿಗೆ ವಿಷ ಏರುತ್ತದೆ ಅಂತ ರೈತರು ನೇಗಿಲು ಮುಟ್ಟಲಿಲ್ಲ. ಅದನ್ನೂ ತಾಳಿಕೊಂಡರು. ಆದರೆ ಊರಿನ ಮುನಿಸಿಪಾಲಿಟಿಗೆ ಹೊಸ ಬಡಾವಣೆ ಮಾಡಬೇಕಿತ್ತು. ಕಾರ್ಖಾನೆ ಇದ್ದ ಜಾಗ ಬಿಡಿ ಅಂದರು. ಆಗ ಔಂಧ್ ಸಂಸ್ಥಾನದ ರಾಜರು ಪಾಪಾಸುಕಳ್ಳಿ ಬೆಳೆದ ಬಂಜರು ಜಮೀನು ಕೊಟ್ಟು, ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದು ನಿಂತಿತು. ಇವತ್ತು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಈ ಕಥೆಯನ್ನು ನಾವು ಹಟ, ಛಲದ ಕಥೆ ಅಂತ ಹೇಳಿ ಚಪ್ಪಾಳೆ ತಟ್ಟುತ್ತೇವೆ. ನನಗೆ ಅದು ಊರಿನ ಕಥೆ. ಮನುಷ್ಯ ಅವನೇ, ನೇಗಿಲು ಅದೇ. ಒಂದೂರು ಜಾಗ ಬಿಡಿಸಿತು, ಇನ್ನೊಂದೂರು ಜಾಗ ಕೊಟ್ಟಿತು. ಅಷ್ಟಕ್ಕೇ ಒಂದು ದೊಡ್ಡ ಉದ್ದಿಮೆ ನಮ್ಮ ಕೈ ತಪ್ಪಿತು. ಗಮನಿಸಿ, ಅವರು ಆಗ ಹೊಸಬರಾಗಿರಲಿಲ್ಲ. ವ್ಯವಹಾರ ಶುರುವಾಗಿ, ಸರಕು ತಯಾರಾಗಿ, ಇನ್ನೇನು ಬೆಳೆಯಬೇಕು ಅನ್ನುವಾಗ ಪೆಟ್ಟು ಬಿತ್ತು.

ಇವತ್ತಿಗೂ ನಮ್ಮ ಬೆಂಬಲವೆಲ್ಲ ಶುರು ಮಾಡುವವರ ಸುತ್ತಲೇ ಇದೆ. ನಡೆಸುತ್ತಿರುವವರ ಹತ್ತಿರ ಯಾರೂ ಹೋಗೋದಿಲ್ಲ. ನಾನು ಇವತ್ತು ಹೇಳಬೇಕೆಂದಿರೋದು ಇದೊಂದನ್ನೇ.

ಶುರು ಮಾಡುವವರಿಗೆ ಏನೇನು ಇದೆ ಅಂತ ಬೇಗ ಹೇಳಿಬಿಡುತ್ತೇನೆ. ಹೊಸ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ 2008ರಿಂದ ಇದೆ. ತಯಾರಿಕೆಗೆ 50 ಲಕ್ಷ ರೂಪಾಯಿವರೆಗಿನ ಯೋಜನೆ, ಸೇವೆಗೆ 20 ಲಕ್ಷ. ಸಬ್ಸಿಡಿ ಶೇ. 15ರಿಂದ 35. ಹಳ್ಳಿಯಲ್ಲಿ ಮಾಡಿದರೆ ಜಾಸ್ತಿ, ಮಹಿಳೆಯರಿಗೆ, ಪರಿಶಿಷ್ಟರಿಗೆ ಜಾಸ್ತಿ. ಮುದ್ರಾ ಸಾಲ ಎಲ್ಲರಿಗೂ ಗೊತ್ತು. ತಿಂಡಿ ತಿನಿಸು, ಬೆಲ್ಲ, ಉಪ್ಪಿನಕಾಯಿ ಮಾಡುವವರಿಗೆ 2020ರಲ್ಲಿ ಪಿಎಂಎಫ್‌ಎಂಇ ಬಂತು. ಆ ಯೋಜನೆಯಲ್ಲಿ ಕೇಂದ್ರದ ಸಬ್ಸಿಡಿ ಶೇ. 35. ರಾಜ್ಯದ ಪಾಲೂ ಸೇರಿದರೆ ಶೇ. 50, ಗರಿಷ್ಠ 15 ಲಕ್ಷ. ಜಿಲ್ಲೆಗೊಂದು ಉತ್ಪನ್ನ ಅಂತ ಬೆಳಗಾವಿಗೆ ಬೆಲ್ಲ, ಬಾಗಲಕೋಟೆಗೆ ಈರುಳ್ಳಿ, ವಿಜಯಪುರಕ್ಕೆ ಲಿಂಬೆ ಗುರುತಿಸಿದ್ದಾರೆ.

ಒಳ್ಳೆಯದೇ. ಆದರೆ ಸಬ್ಸಿಡಿ ನೋಡಿ ಹುಟ್ಟಿದ ಘಟಕವನ್ನು ಬ್ಯಾಂಕಿನವರು ದೂರದಿಂದಲೇ ಗುರುತಿಸುತ್ತಾರೆ. ಯಂತ್ರದ ಕೊಟೇಶನ್ ದಪ್ಪ ಇರುತ್ತದೆ, ಗಿರಾಕಿ ಯಾರು ಅಂದರೆ ಉತ್ತರ ಇರೋದಿಲ್ಲ. ಪಿಎಂಇಜಿಪಿ ಸಬ್ಸಿಡಿ ಮೂರು ವರ್ಷ ಠೇವಣಿಯಾಗಿ ಬ್ಯಾಂಕಿನಲ್ಲೇ ಇರುತ್ತದೆ, ಘಟಕ ನಡೆಯುತ್ತಿದೆ ಅಂತ ನೋಡಿದ ಮೇಲೆ ಸಾಲಕ್ಕೆ ಹೊಂದಾಣಿಕೆ ಆಗುತ್ತದೆ. ಅಂದರೆ ಸರ್ಕಾರಕ್ಕೂ ಮೂರನೇ ವರ್ಷದ ಮಹತ್ವ ಗೊತ್ತಿದೆ. ಆದರೆ ಆ ಹೊತ್ತಿಗೆ ಬರುವವರು ತಪಾಸಣೆ ಮಾಡೋದಕ್ಕೆ ಬರುತ್ತಾರೆ, ಕೈ ಹಿಡಿಯೋದಕ್ಕಲ್ಲ.

ಮೂರನೇ ವರ್ಷದಲ್ಲಿ ಏನಾಗುತ್ತದೆ? ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವ ಸಣ್ಣ ಮಷಿನ್ ಶಾಪ್‌ಗೆ ಹೋದರೂ ಒಂದೇ ಮಾತು ಕೇಳುತ್ತೀರಿ. ಬಾಕಿ. ಲೋಹ ಕರಗಿಸಿ ಅಚ್ಚಿಗೆ ಎರೆಯುವ ಫೌಂಡ್ರಿಯವನು ಕಾಸ್ಟಿಂಗ್, ಅಂದರೆ ಎರಕದ ಭಾಗ ಕಳಿಸಿರುತ್ತಾನೆ, ಲೇಥ್ ಇಟ್ಟವನು ಜಾಬ್ ವರ್ಕ್ ಮಾಡಿ ಕೊಟ್ಟಿರುತ್ತಾನೆ. ಬಿಲ್ ಪುಣೆಯ ಯಾವುದೋ ಕಂಪನಿಯ ಲೆಕ್ಕ ವಿಭಾಗದಲ್ಲಿ ಮಲಗಿರುತ್ತದೆ. ಇತ್ತ ಕರೆಂಟ್ ಬಿಲ್, ಕೂಲಿ, ಕಚ್ಚಾ ಕಬ್ಬಿಣದ ದುಡ್ಡು ಯಾವುದೂ ಕಾಯೋದಿಲ್ಲ. ಸಾಲ ಬೇಕಾ ಅಂತ ನಾವು ಕೇಳಿದರೆ, "ಸಾಹೇಬ್ರ, ಹೊಸಾ ಸಾಲ ಬ್ಯಾಡ್ರಿ, ಹಳೇ ಬಿಲ್ ಬಂದ್ರ ಸಾಕ್ರಿ" ಅನ್ನುತ್ತಿದ್ದರು. ಲಾಭದಲ್ಲಿದ್ದ ಘಟಕಗಳೇ ಹೀಗೆ ಕೈಯಲ್ಲಿ ಕಾಸಿಲ್ಲದೆ ಬಾಗಿಲು ಹಾಕಿದ್ದನ್ನು ನೋಡಿದ್ದೇನೆ. ಸರಕು ಚೆನ್ನಾಗಿತ್ತು, ಆರ್ಡರೂ ಇತ್ತು.

ಇದಕ್ಕೆ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಬರವಣಿಗೆಯ ಒಪ್ಪಂದ ಇದ್ದರೂ ಅದರಲ್ಲಿ ದುಡ್ಡು ಕೊಡುವ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡ ಮಾಡಿದವರು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇನ್ನೂ ಗಟ್ಟಿ ಹಿಡಿತ 2024ರ ಏಪ್ರಿಲ್‌ನಿಂದ ಬಂದಿದೆ. ಕಿರು ಮತ್ತು ಸಣ್ಣ ಘಟಕಕ್ಕೆ ಗಡುವಿನೊಳಗೆ ದುಡ್ಡು ಕೊಡದ ಖರೀದಿದಾರ ಆ ಮೊತ್ತವನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ತೆರಿಗೆಯ ಬಿಸಿ ತಾಗಿದ ಮೇಲೆ ಮಾರ್ಚ್ ತಿಂಗಳಲ್ಲಿ ಎಷ್ಟೋ ಹಳೆ ಬಾಕಿಗಳು ತಾವಾಗಿಯೇ ನಡೆದು ಬಂದವು.

ಹಾಗಿದ್ದರೂ ದೂರು ಕೊಡುವವರು ಕಮ್ಮಿ ಯಾಕೆ? ಕಾರಣ ಸರಳ. ಒಬ್ಬನೇ ದೊಡ್ಡ ಗಿರಾಕಿ. ಅವನ ಮೇಲೆ ದೂರು ಕೊಟ್ಟರೆ ನಾಳೆ ಆರ್ಡರ್ ಇಲ್ಲ. ಒಬ್ಬಂಟಿ ಲೇಥ್ ಮಾಲೀಕನಿಗೆ ಕಾನೂನು ಪುಸ್ತಕ ಕೊಟ್ಟರೆ ಪ್ರಯೋಜನ ಇಲ್ಲ. ಊರಿನ ಉದ್ಯಮಿಗಳ ಸಂಘ ನಿಂತರೆ ಪ್ರಯೋಜನ ಇದೆ. ಸಂಘದ ಹೆಸರಿನಲ್ಲಿ ಒಂದು ಪತ್ರ ಹೋದರೆ ಯಾರ ಬಾಕಿ ಅಂತ ಬೆರಳು ಮಾಡಿ ತೋರಿಸೋಕಾಗಲ್ಲ, ಅಲ್ವಾ? ಇನ್ನೊಂದು ದಾರಿ ಟ್ರೆಡ್ಸ್. ಬಿಲ್ ಅನ್ನು ಆನ್‌ಲೈನಿನಲ್ಲಿ ಹಾಕಿ, ಖರೀದಿದಾರ ಒಪ್ಪಿದರೆ, ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ಹೇಳಿ ದುಡ್ಡು ಕೊಡುತ್ತವೆ. ಆಮೇಲೆ ವಸೂಲಿ ಬ್ಯಾಂಕಿನ ತಲೆನೋವು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಲೇಬೇಕು ಅಂತ ನಿಯಮ ಇದೆ. ನಿಮ್ಮ ಗಿರಾಕಿ ನೋಂದಾಯಿಸಿದ್ದಾನಾ ಅಂತ ಕೇಳಿದ್ದೀರಾ? ಕೇಳಿ. ಆದರೆ ಮೊದಲು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ನಿಮಗೆ ಇರಬೇಕು. ಅದು ಪುಕ್ಕಟೆ. ಅದಕ್ಕೂ ಏಜೆಂಟರಿಗೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎರಡನೇ ಸಂಗತಿ, ಒಬ್ಬರೇ ಕೊಳ್ಳೋಕೆ ಆಗದ ಯಂತ್ರ. ಫೌಂಡ್ರಿಯಲ್ಲಿ ಅಚ್ಚು ಮಾಡುವುದು ಉಸುಕಿನಲ್ಲಿ. ಬಳಸಿದ ಉಸುಕು ಗುಡ್ಡೆಯಾಗಿ ಬೀಳುತ್ತದೆ, ಹೊಸ ಉಸುಕು ದುಬಾರಿ, ಹಳೆಯದನ್ನು ಎಲ್ಲಿ ಸುರಿದರೂ ತಕರಾರು. ಅದನ್ನು ಸ್ವಚ್ಛ ಮಾಡಿ ಮತ್ತೆ ಬಳಸುವ ಘಟಕ ಇದೆ, ಆದರೆ ಸಣ್ಣ ಫೌಂಡ್ರಿಗೆ ಎಟುಕೋದಿಲ್ಲ. ಲೋಹದಲ್ಲಿ ಏನೇನು ಎಷ್ಟಿದೆ ಅಂತ ಹೇಳುವ ಸ್ಪೆಕ್ಟ್ರೋಮೀಟರ್ ಕಥೆಯೂ ಇದೇ. ಪರದೇಶದ ಗಿರಾಕಿ ಮೊದಲು ಕೇಳೋದು ಟೆಸ್ಟ್ ಸರ್ಟಿಫಿಕೇಟ್. ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಹುಟ್ಟಿದ್ದೇ ಇಂಥ ಹಂಚಿಕೊಳ್ಳುವ ಸೌಲಭ್ಯಕ್ಕಾಗಿ. ಸರ್ಕಾರದ ಹಣ, ಉದ್ಯಮಿಗಳ ಪಾಲು, ಎರಡೂ ಸೇರಿ. ಪೈಪೋಟಿ ಮಾಡುವವರೇ ಒಂದೇ ಯಂತ್ರದ ಮುಂದೆ ಸಾಲಾಗಿ ನಿಲ್ಲೋದು ಸಣ್ಣ ಮಾತಲ್ಲ. ಹಿಂಡಲಗಾ ಗಣಪತಿ ದರ್ಶನಕ್ಕೂ ನಾವು ಅಷ್ಟು ಶಿಸ್ತಾಗಿ ನಿಲ್ಲೋದಿಲ್ಲ.

ಇದನ್ನೇ ವಿಜಯಪುರದ ದ್ರಾಕ್ಷಿಯಲ್ಲಿ ನೋಡಿ. ತಿಕೋಟಾ, ಬಬಲೇಶ್ವರ ಕಡೆ ಹೊಲದಲ್ಲೇ ಒಣದ್ರಾಕ್ಷಿ ಶೆಡ್‌ಗಳಿವೆ. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಬಲೆಯ ಮೇಲೆ ಹರಡಿ, ಎರಡು ವಾರದ ಆಸುಪಾಸು ಒಣಗಿಸುತ್ತಾರೆ. ಸುಮಾರು ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಒಣದ್ರಾಕ್ಷಿ. ಅಷ್ಟರಲ್ಲಿ ಅಕಾಲ ಮಳೆ ಬಂದರೆ ಬಣ್ಣ ಹೋಯಿತು, ರೇಟೂ ಹೋಯಿತು. ಒಣಗಿದ ಮೇಲೆ ಮಾಲು ಎಲ್ಲಿಗೆ ಹೋಗುತ್ತದೆ? ಬಹಳ ಕಾಲದಿಂದ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿ ಪೇಟೆಗೆ. ಬೆಳೆ ನಮ್ಮದು, ಬೆವರು ನಮ್ಮದು, ಬೆಲೆ ಅವರದು. ಶೀತಲ ಗೋದಾಮು ಹತ್ತಿರ ಇದ್ದರೆ ರೈತ ಅವಸರಕ್ಕೆ ಮಾರೋದಿಲ್ಲ. ನೋಂದಾಯಿತ ಗೋದಾಮಿನ ರಸೀದಿ ಮೇಲೆ ಬ್ಯಾಂಕ್ ಸಾಲ ಕೊಡಬಹುದು, 2007ರ ಕಾಯ್ದೆಯಲ್ಲೇ ಅದಕ್ಕೆ ದಾರಿ ಇದೆ. ಇನ್ನೂ ಒಂದು ಸಬ್ಸಿಡಿ ಶೆಡ್ ಬೇಕೋ, ಹತ್ತು ಹಳ್ಳಿಗೆ ಒಂದು ಗೋದಾಮು ಮತ್ತು ಕೀಟನಾಶಕದ ಉಳಿಕೆ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯ ಬೇಕೋ ಅಂತ ನನ್ನನ್ನು ಕೇಳಿದರೆ, ನಾನು ಯೋಚಿಸದೇ ಎರಡನೆಯದನ್ನು ಹೇಳುತ್ತೇನೆ.

ತಾಸಗಾಂವ್ ಮೇಲೆ ಸಿಟ್ಟಾಗಬೇಕಾಗಿಲ್ಲ ಮತ್ತೆ. ನಮ್ಮ ವ್ಯಾಪಾರದ ನಕ್ಷೆಯೇ ಹಾಗಿದೆ. ಬೆಳಗಾವಿಯ ಕಾಸ್ಟಿಂಗ್ ಪುಣೆಗೆ, ಕೊಲ್ಲಾಪುರಕ್ಕೆ ಹೋಗುತ್ತದೆ, ತರಕಾರಿ ಗೋವಾಕ್ಕೆ ಹೋಗುತ್ತದೆ. ಯೋಜನೆ ಮಾಡುವವರು ಮಾತ್ರ ಜಿಲ್ಲೆಯ ಗಡಿಯಲ್ಲಿ ಗೆರೆ ಎಳೆದು ಕೂರುತ್ತಾರೆ. ಬೆಲ್ಲ ಬೆಳಗಾವಿಗೆ ಬರೆದುಕೊಟ್ಟಿದ್ದಾರೆ, ಸರಿ. ಆದರೆ ಬೆಲ್ಲದ ಹೆಸರಾಂತ ಪೇಟೆ ಮಹಾಲಿಂಗಪುರ ಇರೋದು ಬಾಗಲಕೋಟೆ ಜಿಲ್ಲೆಯಲ್ಲಿ!

ಬಾಗಲಕೋಟೆ ಅಂದ ಮೇಲೆ ಮುಳುಗಡೆ ಬಿಟ್ಟು ಮಾತಾಡೋಕಾಗಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ದೊಡ್ಡ ಭಾಗ ಹೋಯಿತು, ನವನಗರ ಕಟ್ಟಿದರು. ಮನೆಗೆ, ಮಳಿಗೆಗೆ ಪರಿಹಾರ ಬಂತು. ಆದರೆ ಅಂಗಡಿಯ ನಿಜವಾದ ಆಸ್ತಿ ದಿನಾ ಬರುವ ಗಿರಾಕಿ, ಪಕ್ಕದ ಅಂಗಡಿ, ಉದ್ರಿ ಕೊಡುವ ಸಗಟು ವ್ಯಾಪಾರಿ. ಇದನ್ನು ಯಾವ ಎಂಜಿನಿಯರೂ ಅಳೆದು ಬರೆಯೋದಿಲ್ಲ. ಮುಂದೆ ರಸ್ತೆ ಅಗಲ ಮಾಡುವಾಗ, ಮಾರ್ಕೆಟ್ ಸ್ಥಳಾಂತರ ಮಾಡುವಾಗ ಇದನ್ನು ನೆನಪಿಟ್ಟರೆ, ಅದೇ ಒಂದು ಉದ್ಯಮ ನೀತಿ.

ಇನ್ನು ಜಿಐ ಟ್ಯಾಗ್, ಅಂದರೆ ಈ ಸರಕು ಇಂಥ ಊರಿನದೇ ಅಂತ ಸರ್ಕಾರ ಕೊಡುವ ಗುರುತು. ಇಳಕಲ್ ಸೀರೆಗೆ ಇದೆ, ಇಂಡಿ ಲಿಂಬೆಗೆ 2023ರಲ್ಲಿ ಬಂತು. ಬಂದ ದಿನ ಪೇಟ ತೊಡಿಸಿ ಫೋಟೋ ತೆಗೆಸಿದ್ದೂ ಆಯಿತು. ಆಮೇಲೆ? ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ, ಅದೇ ಅದರ ಗುರುತು. ಪಕ್ಕದಲ್ಲೇ ಪವರ್‌ಲೂಮ್ ನಕಲು ಅರ್ಧ ಬೆಲೆಗೆ ನೇತಾಡುತ್ತಿದ್ದರೆ, ಕೊಳ್ಳುವವರಿಗೆ ಕೊಂಡಿ ತೋರಿಸಿ ಹೇಳುವವರು ಬೇಕು. ಟ್ಯಾಗ್ ತಾನಾಗಿ ಬಾಯಿ ಬಿಡೋದಿಲ್ಲ.

ಕೊಲ್ಲಾಪುರಿ ಚಪ್ಪಲಿಯದು ಇನ್ನೂ ಸ್ವಾರಸ್ಯ. 2019ರ ಜಿಐ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಮತ್ತು ನಮ್ಮ ನಾಲ್ಕಕ್ಕೆ ಸೇರಿದ್ದು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿ ತೋರಿಸಿ, ಎಲ್ಲಿಯದು ಅಂತ ಹೇಳಲಿಲ್ಲ. ಗದ್ದಲವಾಯಿತು. ಆಮೇಲೆ ಅವರು ಒಪ್ಪಿಕೊಂಡು, ವರ್ಷ ಮುಗಿಯುವುದರೊಳಗೆ ಎರಡೂ ರಾಜ್ಯಗಳ ಚರ್ಮ ಕೈಗಾರಿಕಾ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡರು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳಿಗೆ ಇದು ಬಾಗಿಲು. ಆದರೆ ಹೊರದೇಶದ ಆರ್ಡರ್ ಅಂದರೆ ಅಳತೆ ಒಂದೇ ಥರ ಇರಬೇಕು, ಚರ್ಮದ ಹದ ಒಂದೇ ಥರ ಇರಬೇಕು, ಹೇಳಿದ ದಿನ ಮಾಲು ಹೋಗಬೇಕು. ಅಥಣಿಯ ಟೋಹೋಲ್ಡ್ ಸಂಸ್ಥೆ ಇದನ್ನು ಬಹಳ ಹಿಂದೆಯೇ ಕಲಿತಿತ್ತು. ಅಲ್ಲಿ ಚಪ್ಪಲಿ ಮಾಡುವ ಹೆಣ್ಣುಮಕ್ಕಳೇ ಗುಂಪು ಕಟ್ಟಿಕೊಂಡು, ವಿನ್ಯಾಸ ತಿದ್ದಿಕೊಂಡು, ಹೊರದೇಶಕ್ಕೆ ಕಳಿಸಿದರು. ಹೊಸ ಪ್ರಯೋಗ ಅಂದರೆ ಆ್ಯಪ್ ಮಾತ್ರ ಅಂದುಕೊಂಡವರಿಗೆ ನಾನು ಅಥಣಿ ಬಸ್ ಹತ್ತಿ ಅನ್ನುತ್ತೇನೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 1998ರಿಂದ ನಮ್ಮೂರಲ್ಲೇ ಇದೆ. ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಅಂಥ ಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ನಡೆಯೋದಿಲ್ಲ, ನಮ್ಮ ಹುಡುಗರೇ ಅದನ್ನು ಮಾಡುತ್ತಿದ್ದಾರೆ. ಹಾಗಿದ್ದ ಮೇಲೆ ಕೊನೆಯ ವರ್ಷದ ಪ್ರಾಜೆಕ್ಟ್ ಅಂಗಡಿಯಲ್ಲಿ ಯಾಕೆ ಕೊಳ್ಳುತ್ತೀರಿ? ನಗಬೇಡಿ, ಕೊಳ್ಳುವವರು ಇದ್ದೀರಿ. ಗಾಣದ ಮನೆಗೆ ಹೋಗಿ ನೋಡಿ. ಕೊಪ್ಪರಿಗೆಯ ಕೆಳಗೆ ಉರಿಯುವ ಬೆಂಕಿಯ ಅರ್ಧ ಶಾಖ ಗಾಳಿಗೆ ಹೋಗುತ್ತಿರುತ್ತದೆ. ಬೆಲ್ಲ ಹಳದಿ ಕಾಣಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುತ್ತಾರೆ. ಅದಿಲ್ಲದೆ ಒಳ್ಳೆಯ ಬಣ್ಣ, ಮಳೆಗಾಲಕ್ಕೂ ನೀರೊಡೆಯದ ಬೆಲ್ಲ ಮಾಡೋದು ಹೇಗೆ ಅನ್ನೋದು ಪಿಎಚ್‌ಡಿಗೂ ಸಾಲುವ ಪ್ರಶ್ನೆ. ಕಾಲೇಜುಗಳ ಇಂಥ ಪ್ರಾಜೆಕ್ಟ್‌ಗಳಿಗೆ ರಾಜ್ಯ ಸರ್ಕಾರದ ನೈನ್ ಯೋಜನೆಯಲ್ಲಿ ದುಡ್ಡೂ ಸಿಗುತ್ತದೆ.

ಹಾಗಾಗಿ ಒಂದು ಕೆಲಸ ಇವತ್ತೇ ಮಾಡೋಣ. ಉದ್ಯಮಬಾಗದಿಂದ, ಮಚ್ಛೆಯಿಂದ ಬಂದ ಮಾಲೀಕರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ನಿಮ್ಮ ಶಾಪಿನಲ್ಲಿ ದಿನಾ ಕಾಡುವ, ಇನ್ನೂ ಬಿಡಿಸೋಕೆ ಆಗದ ಒಂದು ತೊಂದರೆಯನ್ನು ಚೀಟಿಯಲ್ಲಿ ಬರೆದು ಕೊಡಿ, ಫೋನ್ ನಂಬರ್ ಸಮೇತ. ಪ್ರಾಧ್ಯಾಪಕರು ಆ ಚೀಟಿಗಳನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಹುಡುಗರು ಆರಿಸಿಕೊಳ್ಳಲಿ. ಬಾಕಿ ಬರಬೇಕಾದವರು ಬಿಲ್ ತಂದಿದ್ದರೆ ನನ್ನ ಹತ್ತಿರ ಬನ್ನಿ. ಚಹಾ ಬರುವವರೆಗೆ ಕೂತು, 45 ದಿನದ ಲೆಕ್ಕ ಹಾಕಿ, ಎಷ್ಟು ಬಡ್ಡಿ ಆಯಿತು ಅಂತ ತೋರಿಸುತ್ತೇನೆ.