ರೀಲಿಗೆ ದುಡ್ಡು ಕೊಟ್ಟೋರ್ಯಾರು?

ಎಲ್ರಿಗೂ ನಮಸ್ಕಾರ. ಸಿನಿಮಾ ಮುಗಿದ್ಮೇಲೂ ಇಷ್ಟು ಜನ ಎದ್ದು ಹೋಗ್ದೆ ಕೂತಿದೀರಿ ಅಂದ್ರೆ ಒಂದೋ ನಿಮ್ಗೆ ಹಿಡಿಸಿದೆ, ಇಲ್ಲಾ ತಲೆ ಕೆಟ್ಟು ಎದ್ದೇಳೋಕೇ ಆಗ್ತಿಲ್ಲ. ಮಧ್ಯದಲ್ಲಿ ಕೆಲವರು ಎದ್ದು ಹೋದ್ರು, ಯಾವ ಸೀನಲ್ಲಿ ಅಂತ ನಂಗೂ ಗೊತ್ತು ನಿಮ್ಗೂ ಗೊತ್ತು, ಅವ್ರನ್ನ ತಪ್ಪು ಅನ್ನೋಕಾಗಲ್ಲ. ಆ ಸೀನಿಗೆ ಆಮೇಲೆ ಬರ್ತೀನಿ. ಈ ಸಿನಿಮಾದ ರಕ್ತ, ಕ್ರೌರ್ಯ, ಇದೆಲ್ಲಾ ಬೇಕಿತ್ತಾ ಅನ್ನೋ ಚರ್ಚೆ ಮೂವತ್ತು ವರ್ಷದಿಂದ ನಡೀತಾನೇ ಇದೆ, ಬರೆಯೋರು ಬೇಕಾದಷ್ಟು ಬರ್ದಿದಾರೆ. ನಾನು ಇವತ್ತು ದುಡ್ಡಿನ ಲೆಕ್ಕ ಇಟ್ಕೊಂಡು ಬಂದಿದೀನಿ.

ಮ್ಯಾನ್ ಬೈಟ್ಸ್ ಡಾಗ್, 1992ರದ್ದು, ಬೆಲ್ಜಿಯಂ ಸಿನಿಮಾ, ಭಾಷೆ ಫ್ರೆಂಚ್. ಒಬ್ಬ ಕೊಲೆಗಾರನ ಹಿಂದೆ ಕ್ಯಾಮೆರಾ ಹಿಡ್ಕೊಂಡು ಸುತ್ತೋ ಡಾಕ್ಯುಮೆಂಟರಿ ಹುಡುಗ್ರ ಕಥೆ. ಡೈರೆಕ್ಟರ್ ಗಳು ಮೂರು ಜನ, ರೆಮಿ ಬೆಲ್ವೋ, ಆಂದ್ರೆ ಬೊನ್ಜೆಲ್, ಬೆನ್ವಾ ಪೂಲ್ವೂರ್ಡ್. ಎಲ್ಲಾ ಮೂವತ್ತರ ಆಸುಪಾಸಿನ ಹುಡುಗ್ರು, ಫಿಲ್ಮ್ ಸ್ಕೂಲ್ ಸಹವಾಸದವ್ರು, ಜೇಬಲ್ಲಿ ದುಡ್ಡಿಲ್ಲ. 16 ಎಂಎಂ ಕ್ಯಾಮೆರಾ, ಬ್ಲಾಕ್ ಅಂಡ್ ವೈಟ್ ಫಿಲ್ಮು, ಸ್ಟಾರ್ ಇಲ್ಲ ಸೆಟ್ ಇಲ್ಲ, ಮನೆಯವ್ರು ಫ್ರೆಂಡ್ಸು ಸಿಕ್ಕಿದವ್ರೆಲ್ಲಾ ಪಾತ್ರಧಾರಿಗಳು. ಡೈರೆಕ್ಟರ್ ಗಳೇ ನಟರು, ಪಾತ್ರದ ಹೆಸರಿಗೂ ತಲೆ ಕೆಡಿಸ್ಕೊಂಡಿಲ್ಲ, ರಿಪೋರ್ಟರ್ ರೆಮಿ ಅಂದ್ರೆ ರೆಮಿನೇ, ಕ್ಯಾಮೆರಾಮನ್ ಆಂದ್ರೆ ಅಂದ್ರೆ ಆಂದ್ರೆನೇ, ಕೊಲೆಗಾರ ಬೆನ್ ಅಂದ್ರೆ ಬೆನ್ವಾ. ಆ ಅಂಗಡಿ ಇಟ್ಕೊಂಡಿರೋ ಅಮ್ಮ ಇದಾರಲ್ಲ, ನನ್ ಮಗ ಎಷ್ಟು ಒಳ್ಳೆಯವ್ನು ಅಂತ ಕ್ಯಾಮೆರಾ ಮುಂದೆ ಹೊಗಳೋರು, ಅವ್ರು ನಿಜವಾಗ್ಲೂ ಅವನ ಅಮ್ಮನೇ. ಆ ಮಾತು ಅಷ್ಟು ಸಹಜವಾಗಿ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ.

ಇದು ಕಾನ್ ಫೆಸ್ಟಿವಲ್ಲಿಗೆ ಹೋಯ್ತು, ಅಲ್ಲಿ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಪ್ರಶಸ್ತಿನೂ ತಗೊಂತು. ಅದೇ ವರ್ಷ ಅದೇ ಕಾನ್ ನಲ್ಲಿ ಟ್ಯಾರಂಟಿನೋನ ಮೊದಲ್ನೇ ಸಿನಿಮಾನೂ ಇತ್ತು. ಅಮೆರಿಕಾದಲ್ಲಿ ಎನ್ ಸಿ 17 ಸರ್ಟಿಫಿಕೇಟ್, ಅಂದ್ರೆ ಹದಿನೇಳು ಮತ್ತು ಅದಕ್ಕಿಂತ ಕಮ್ಮಿ ವಯಸ್ಸಿನವ್ರಿಗೆ ಥೇಟರ್ ಒಳಗೇ ಎಂಟ್ರಿ ಇಲ್ಲ. ಕ್ಯಾಮೆರಾ ಕೈಲಿ ಹಿಡ್ಕೊಂಡು ಓಡೋ ಸಿನಿಮಾ ಅಂದ್ರೆ ನಮ್ಮಲ್ಲಿ ಎಲ್ರೂ ಬ್ಲೇರ್ ವಿಚ್ ಹೆಸ್ರು ಹೇಳ್ತಾರೆ, ಅದು ಬಂದಿದ್ದು 1999ರಲ್ಲಿ, ಇದಾದ ಏಳು ವರ್ಷಕ್ಕೆ.

ಇನ್ನೊಂದು ವಿಷ್ಯ ಗೊತ್ತಿದ್ರೆ ಈ ಸಿನಿಮಾ ಜಾಸ್ತಿ ಅರ್ಥ ಆಗುತ್ತೆ. ಬೆಲ್ಜಿಯಂ ಟೀವಿಲಿ 1985ರಲ್ಲಿ ಸ್ಟ್ರಿಪ್ ಟೀಸ್ ಅಂತ ಒಂದು ಡಾಕ್ಯುಮೆಂಟರಿ ಪ್ರೋಗ್ರಾಂ ಶುರುವಾಯ್ತು, ಹೆಸ್ರು ಕೇಳಿ ಏನೇನೋ ಅಂದ್ಕೋಬೇಡಿ, ಬಟ್ಟೆ ಬಿಚ್ಚೋದು ಏನಿಲ್ಲ. ನಿರೂಪಕ ಇಲ್ಲ, ಹಿಂದಿಂದ ವಿವರಣೆ ಕೊಡೋ ದನಿ ಇಲ್ಲ, ಮಾಮೂಲಿ ಜನರ ಮನೆಗೆ ಕ್ಯಾಮೆರಾ ಹೋಗಿ ಕೂರುತ್ತೆ, ಅವ್ರು ತಮ್ಮ ಪಾಡಿಗೆ ಬದುಕ್ತಾ ಇರ್ತಾರೆ, ನೋಡೋರು ಮನೇಲಿ ಕೂತು ನಗ್ತಾರೆ. ಈ ಹುಡುಗ್ರು ಆ ಧಾಟಿನ ಹಾಗ್ಹಾಗೇ ಎತ್ಕೊಂಡು, ಮಾಮೂಲಿ ಮನುಷ್ಯನ ಜಾಗದಲ್ಲಿ ಒಬ್ಬ ಸೀರಿಯಲ್ ಕಿಲ್ಲರ್ ನ ಕೂರಿಸಿದ್ರು, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಬೆನ್ ಯಾಕೆ ಕೊಲ್ತಾನೆ ಅಂತ ಯೋಚ್ನೆ ಮಾಡಿದ್ರಾ? ಹಾಲಿವುಡ್ ಕೊಲೆಗಾರ್ರಿಗೆಲ್ಲಾ ಒಂದು ಬಾಲ್ಯ ಇರುತ್ತೆ, ಅಪ್ಪ ಹೊಡೀತಿದ್ದ, ಅಮ್ಮ ಕೋಣೇಲಿ ಕೂಡಾಕಿದ್ಲು, ಗೋಡೆ ತುಂಬಾ ಪೇಪರ್ ಕಟಿಂಗು, ಮಧ್ಯರಾತ್ರಿ ಪತ್ರಕರ್ತನಿಗೆ ಫೋನು. ಬೆನ್ ಗೆ ಅದ್ಯಾವ್ದೂ ಇಲ್ಲ, ಅಪ್ಪ ಅಮ್ಮ ಚೆನ್ನಾಗೇ ಇದಾರೆ, ಕವಿತೆ ಹೇಳ್ತಾನೆ, ಬಿಲ್ಡಿಂಗ್ ಡಿಸೈನ್ ಬಗ್ಗೆ ಭಾಷಣ ಬಿಗೀತಾನೆ, ಕೊಳಲು ನುಡಿಸೋ ಗರ್ಲ್ ಫ್ರೆಂಡ್ ಇದಾಳೆ. ಕೊಲೆ ಅವನಿಗೆ ಬಹುಪಾಲು ಸಂಪಾದನೆ. ತಿಂಗಳ ಶುರುವಿಗೆ ಪೋಸ್ಟ್ ಮ್ಯಾನ್ ನ ಹಿಡೀತಾನೆ, ಯಾಕಂದ್ರೆ ಯಾವ ಮುದುಕರಿಗೆ ಪೆನ್ಷನ್ ಬರುತ್ತೆ, ಅವ್ರ ಮನೆ ಎಲ್ಲಿ ಅನ್ನೋದೆಲ್ಲಾ ಪೋಸ್ಟ್ ಮ್ಯಾನ್ ಬ್ಯಾಗಲ್ಲಿದೆ. ನಮ್ಮೂರ ಕಡೆ ವೃದ್ಧಾಪ್ಯ ವೇತನದ ಮನಿಯಾರ್ಡರ್ ಬರೋ ದಿನ ಜಗಲಿ ಮೇಲೆ ಕಾಯ್ಕೊಂಡು ಕೂರೋ ಅಜ್ಜ ಅಜ್ಜೀರನ್ನ ನೋಡಿದವ್ರಿಗೆ ಈ ಭಾಗ ಬೇರೇನೇ ಥರ ಚುಚ್ಚುತ್ತೆ. ದೊಡ್ಡ ಕುಳಗಳ ತಂಟೆಗೆ ಅವನು ಹೋಗಲ್ಲ, ಅವ್ರು ಸತ್ರೆ ಪೇಪರು ಪೊಲೀಸು ಗದ್ದಲ. ಬಡವ್ರು, ಒಂಟಿ ಮುದುಕ್ರು, ವಲಸೆ ಬಂದವ್ರು, ಇವ್ರು ಸತ್ರೆ ಕೇಳೋರಿಲ್ಲ, ಅದೂ ಲೆಕ್ಕಾಚಾರನೇ.

ಆ ಅಜ್ಜಿ ಸೀನ್ ಜ್ಞಾಪಿಸ್ಕೊಳಿ. ದೊಡ್ಡ ಅಪಾರ್ಟ್ ಮೆಂಟಲ್ಲಿ ಒಂಟಿಯಾಗಿರೋ ಅಜ್ಜಿ, ಇವನು ಬಾಗ್ಲು ತಟ್ಟಿ ಟೀವಿಯವ್ರು ಅಂತ ಹೇಳ್ತಾನೆ, ಒಂಟಿತನದ ಬಗ್ಗೆ ಕಾರ್ಯಕ್ರಮ ಮಾಡ್ತಿದೀವಿ ಅಮ್ಮ ಅಂತ. ಕ್ಯಾಮೆರಾ ಇದೆ, ಮೈಕ್ ಇದೆ, ಅಜ್ಜಿ ನಂಬಿ ಒಳಗೆ ಕರೀತಾಳೆ. ಅವಳ ಹಾರ್ಟಿನ ಮಾತ್ರೆ ಇವನ ಕಣ್ಣಿಗೆ ಬೀಳುತ್ತೆ, ಮುಖದ ಹತ್ರ ಹೋಗಿ ಜೋರಾಗಿ ಕಿರುಚ್ತಾನೆ, ಅಜ್ಜಿ ಅಲ್ಲೇ ಹೋಗ್ಬಿಡ್ತಾಳೆ. ಒಂದು ಗುಂಡು ಉಳೀತು ಅಂತ ಖುಷಿ ಅವನಿಗೆ. ಇಲ್ಲಿ ಆಯುಧ ಯಾವ್ದು ಅಂತ ನೋಡಿ, ಪಿಸ್ತೂಲು ಅವನ ಹತ್ರಾನೇ ಇತ್ತು, ಆದ್ರೆ ಬಾಗ್ಲು ತೆಗ್ಸಿದ್ದು ಕ್ಯಾಮೆರಾ. ರೆಮಿ ಮತ್ತವನ ಹುಡುಗ್ರು ಇನ್ನೂ ಒಂದು ಹೆಣನೂ ಮುಟ್ಟಿಲ್ದೇ ಇದ್ರೂ ಅವತ್ತೇ ಅವ್ರು ಪಾಲುದಾರರಾದ್ರು, ಇದು ನನ್ನ ಅಭಿಪ್ರಾಯ, ಬೇರೆಯವ್ರು ಒಪ್ಪಲ್ಲ.

ಆಮೇಲಿಂದ ಇಳಿಜಾರು. ಮೊದ್ಲು ಊಟಕ್ಕೆ ಕರೀತಾನೆ, ಬೇಡ ಅಂತಾರೆ, ಆಮೇಲೆ ಹೋಗ್ತಾರೆ. ಹೆಣ ಹೊರೋಕೆ ಕೈ ಕೊಡ್ತಾರೆ. ಅಷ್ಟ್ರಲ್ಲಿ ಫಿಲ್ಮಿಗೆ ದುಡ್ಡು ಮುಗಿಯುತ್ತೆ, ಡಾಕ್ಯುಮೆಂಟರಿ ಅರ್ಧಕ್ಕೆ ನಿಲ್ಲೋ ಪರಿಸ್ಥಿತಿ, ಆಗ ಬೆನ್ ದುಡ್ಡು ಹಾಕ್ತೀನಿ ಅಂತಾನೆ. ಎಲ್ಲಿಂದ ಬಂದ ದುಡ್ಡು? ಆ ಮುದುಕರ ಪೆನ್ಷನ್ ದುಡ್ಡು. ಅಂದ್ರೆ ಇನ್ಮೇಲೆ ಅವನು ಕೊಂದ್ರೆ ರೀಲು ಬರುತ್ತೆ, ರೀಲು ಬಂದ್ರೆ ಅವನು ಕೊಲ್ಲೋದನ್ನ ಶೂಟ್ ಮಾಡ್ಬೋದು. ಪ್ರೊಡ್ಯೂಸರೂ ಅವನೇ ಹೀರೋನೂ ಅವನೇ, ನಮ್ಮ ಗಾಂಧಿನಗರಕ್ಕೆ ಇದೇನೂ ಹೊಸದಲ್ಲ ಬಿಡಿ. ಆದ್ರೆ ಆ ಕ್ಷಣದಿಂದ ರೆಮಿ ಬಾಯಲ್ಲಿ ಇಲ್ಲ ಅನ್ನೋ ಪದ ಬರೋದೇ ಇಲ್ಲ. ಎಷ್ಟೋ ಜನ ಬರೆಯೋವಾಗ ಕ್ಯಾಮೆರಾದ ಮೋಹ, ಹಿಂಸೆಯ ಆಕರ್ಷಣೆ ಅಂತೆಲ್ಲಾ ಹೇಳ್ತಾರೆ, ಇರ್ಬೋದು, ಆದ್ರೆ ನಂಗೆ ಕಾಣೋದು ಸಾಲಗಾರನ ಬಾಯಿ ಕಟ್ಟಿರೋದು.

ಆ ಅತ್ಯಾಚಾರದ ಸೀನು. ಜನ ಎದ್ದು ಹೋಗಿದ್ದು ಅಲ್ಲೇ. ಅದರಲ್ಲಿ ಕ್ರೂ ಕೂಡ ಸೇರ್ಕೊಳುತ್ತೆ, ಮಾರನೇ ದಿನ ಬೆಳಿಗ್ಗೆ ಎಲ್ಲಾ ಕುಡ್ದು ಬಿದ್ದಿರ್ತಾರೆ, ಕ್ಯಾಮೆರಾ ಸುಮ್ನೆ ತೋರಿಸುತ್ತೆ, ಒಂದು ಮಾತಿಲ್ಲ. ಅಲ್ಲಿವರೆಗೂ ನಾವು ನಕ್ಕಿದ್ವಿ, ಬೆನ್ ನ ಜೋಕಿಗೆ ನಕ್ಕಿದ್ವಿ, ಹೆಣಕ್ಕೆ ಎಷ್ಟು ಭಾರ ಕಟ್ಟಿದ್ರೆ ನೀರಲ್ಲಿ ಮುಳುಗುತ್ತೆ ಅಂತ ಮೇಷ್ಟ್ರ ಥರ ಪಾಠ ಮಾಡ್ತಾನಲ್ಲ ಅದಕ್ಕೂ ನಕ್ಕಿದ್ವಿ. ಈ ಸೀನಾದ್ಮೇಲೆ ಹಾಲಲ್ಲಿ ಒಬ್ರೂ ನಗಲಿಲ್ಲ, ಗಮನಿಸಿದ್ರಾ? ನಂಗೆ ಈಗಲೂ ಆ ಸೀನು ಅಷ್ಟು ಹೊತ್ತು ಬೇಕಿರ್ಲಿಲ್ಲ ಅನ್ಸುತ್ತೆ. ಹೆಂಗಸಿನ ಮೈನ ಪಾಠ ಹೇಳೋಕೆ ಉಪಯೋಗಿಸ್ಕೊಳೋದು ಎಷ್ಟೇ ಒಳ್ಳೆ ಉದ್ದೇಶ ಇದ್ರೂ ನಂಗೆ ಹಿಡಿಸಲ್ಲ, ಅದನ್ನ ಸಿನಿಮಾ ಇಷ್ಟಪಟ್ಕೊಂಡೇ ಹೇಳ್ತಿದೀನಿ.

ಇದೆಲ್ಲಾ ಎಲ್ಲೋ ಬೆಲ್ಜಿಯಂ ಕಥೆ ಅನ್ನೋರಿಗೆ ಪಕ್ಕದ ತಮಿಳುನಾಡಿನ ವಿಷ್ಯ ಹೇಳ್ತೀನಿ. ಆಟೋ ಶಂಕರ್ ಹೆಸ್ರು ಕೇಳಿರ್ತೀರ, ಎಂಬತ್ತರ ದಶಕದ ಕೊನೇಲಿ ಮದ್ರಾಸಿನ ತಿರುವಾನ್ಮಿಯೂರ್ ಕಡೆ ಸಾಲು ಕೊಲೆ ಮಾಡಿದವನು. ಜೈಲಲ್ಲಿ ಗಲ್ಲಿಗೆ ಕಾಯ್ತಾ ಕೂತು ಆತ್ಮಕಥೆ ಬರೆದ, ದೊಡ್ಡ ದೊಡ್ಡ ಅಧಿಕಾರಿಗಳಿಗೂ ತನಗೂ ಏನೇನು ಸಂಬಂಧ ಇತ್ತು ಅಂತ. ನಕ್ಕೀರನ್ ಅನ್ನೋ ತಮಿಳು ಪತ್ರಿಕೆ ಅದನ್ನ ಧಾರಾವಾಹಿಯಾಗಿ ಹಾಕ್ತೀವಿ ಅಂತ ಹೊರಟಾಗ ಜೈಲು ಅಧಿಕಾರಿಗಳು ಇದು ಸುಳ್ಳು, ಹಾಕಿದ್ರೆ ಕ್ರಮ ತಗೋತೀವಿ ಅಂತ ಪತ್ರ ಬರೆದ್ರು, ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1994ರಲ್ಲಿ ತೀರ್ಪು ಬಂತು, ರಾಜಗೋಪಾಲ್ ಕೇಸು ಅಂತಾನೇ ಫೇಮಸ್ಸು, ಲಾ ಓದೋ ಮಕ್ಕಳು ಇದನ್ನ ಓದದೇ ಪಾಸಾಗಲ್ಲ. ಪಬ್ಲಿಕ್ ರೆಕಾರ್ಡಲ್ಲಿ ಇರೋ ಮಟ್ಟಿಗೆ ಹಾಕೋಕೆ ಅವನ ಒಪ್ಪಿಗೆನೂ ಬೇಕಿಲ್ಲ, ಅದಕ್ಕೂ ಮೀರಿ ಅವನ ಖಾಸಗಿ ಬದುಕಿಗೆ ಕೈ ಹಾಕಿದ್ರೆ ಅದರ ಪರಿಣಾಮ ಪತ್ರಿಕೆ ತಲೆ ಮೇಲೆ, ಆದ್ರೆ ಅಚ್ಚಾಗೋಕೆ ಮುಂಚೆನೇ ತಡೆಯೋ ಅಧಿಕಾರ ಸರ್ಕಾರಕ್ಕಿಲ್ಲ ಅಂತ. ಮಾರನೇ ವರ್ಷ ಸೇಲಂ ಜೈಲಲ್ಲಿ ಶಂಕರ್ ಗೆ ಗಲ್ಲಾಯ್ತು.

ಆ ಕೇಸಿನ ರಾಜಗೋಪಾಲ್ ಯಾರು ಅಂದ್ರೆ ನಕ್ಕೀರನ್ ಗೋಪಾಲ್. ಕನ್ನಡದವ್ರಿಗೆ ಆ ಮೀಸೆ ಮರೆಯೋಕಾಗಲ್ಲ. 2000ನೇ ಇಸವಿ ಜುಲೈ 30ಕ್ಕೆ ಗಾಜನೂರಿಂದ ಅಣ್ಣಾವ್ರನ್ನ ವೀರಪ್ಪನ್ ಎತ್ಕೊಂಡ್ ಹೋದಾಗ ಸರ್ಕಾರಗಳ ಪರವಾಗಿ ಕಾಡಿಗೆ ಹೋಗಿ ಮಾತಾಡ್ತಿದ್ದೋರು ಅವ್ರೇ. 108 ದಿನ ನಾವು ಕಾಡಿಂದ ಬರೋ ಕ್ಯಾಸೆಟ್ಟಿಗೆ ಕಾಯ್ಕೊಂಡು ಕೂತಿದ್ವಿ. ಒಬ್ಬ ಪತ್ರಕರ್ತ ಕಾಡಿಗೆ ಹೋಗಿ ವಾಪಸ್ ಬರೋಕೆ ಸಾಧ್ಯ ಆಗಿದ್ದು ಯಾಕೆ? ತೊಂಬತ್ತರ ದಶಕದಲ್ಲಿ ಅವ್ರ ಪತ್ರಿಕೆಯವ್ರು ಕಾಡಿಗೆ ಹೋಗಿ ವೀರಪ್ಪನ್ ಇಂಟರ್ ವ್ಯೂನ ವಿಡಿಯೋ ಮಾಡಿದ್ರು, ಅಲ್ಲಿಂದ ಬಂದ ನಂಬಿಕೆ. ಆಗ ಅದನ್ನ ಬೈದವ್ರಿದ್ರು, ಕೊಲೆಗಾರನ್ನ ಹೀರೋ ಮಾಡ್ತಿದಾರೆ ಅಂತ, ಅದೇ ಸಂಪರ್ಕ ಆಮೇಲೆ ಅಣ್ಣಾವ್ರ ವಿಷ್ಯದಲ್ಲಿ ಕೆಲ್ಸಕ್ಕೆ ಬಂತು. ಹಾಗಾಗಿ ಕೊಲೆಗಾರನ ಪಕ್ಕ ಕೂತ ಪತ್ರಕರ್ತರೆಲ್ಲಾ ರೆಮಿ ಅಂತ ನಾನು ಹೇಳಲ್ಲ. ಆಟೋ ಶಂಕರ್ ಕಥೆ ಹಾಕ್ಬೇಕು ಅಂತ ಕೋರ್ಟಿಗೆ ಹೋದ ಪತ್ರಿಕೆಗೆ ಮುಂದಿನ ಕಂತು ಬರೋಕೆ ಶಂಕರ್ ಇನ್ನೊಂದು ಕೊಲೆ ಮಾಡ್ಬೇಕಾಗಿರ್ಲಿಲ್ಲ. ರೆಮಿಗೆ ಬೇಕಾಗಿತ್ತು.

ನಮ್ಮ ಕನ್ನಡ ಟೀವಿಯ ಕ್ರೈಮ್ ಪ್ರೋಗ್ರಾಂಗಳ ಬಗ್ಗೆ ಹೇಳೋಕೆ ಹೊರಟ್ರೆ ರಾತ್ರಿ ಆಗುತ್ತೆ. ಆ ದನಿ, ಆ ಮ್ಯೂಸಿಕ್ಕು, ನಿಮ್ಗೇ ಗೊತ್ತು.

ನಮ್ಮಲ್ಲೂ ಕಡಿಮೆ ಬಜೆಟ್ಟಲ್ಲಿ ಪತ್ರಕರ್ತೆನ ಇಟ್ಕೊಂಡು ಒಳ್ಳೆ ಥ್ರಿಲ್ಲರ್ ಬಂದಿದೆ, ಪವನ್ ಕುಮಾರ್ ಅವ್ರ 2016ರ ಯೂ ಟರ್ನ್. ಅಲ್ಲಿ ಟ್ರೈನಿ ಪತ್ರಕರ್ತೆ ಫ್ಲೈಓವರ್ ಮೇಲೆ ರೂಲ್ಸ್ ಮುರಿಯೋರ ಬಗ್ಗೆ ಸ್ಟೋರಿ ಮಾಡೋಕೆ ಹೋಗಿ ಸಾವುಗಳಲ್ಲಿ ಸಿಕ್ಕಾಕೊಳ್ತಾಳೆ. ಅವಳು ಮೊದ್ಲಿಂದ ಕೊನೆವರೆಗೂ ಒಳ್ಳೆಯವಳೇ, ನಾವು ನೆಮ್ಮದಿಯಾಗಿ ಅವಳ ಹಿಂದೆ ಹೋಗ್ಬೋದು. ಅದೇ ಪವನ್ ಅದಕ್ಕೂ ಮುಂಚೆ 2013ರಲ್ಲಿ ಲೂಸಿಯಾ ಮಾಡಿದಾಗ ದುಡ್ಡು ಕೇಳಿದ್ದು ನೋಡೋ ಜನರನ್ನೇ, 50 ಲಕ್ಷದ ಆಸುಪಾಸು ಪ್ರೇಕ್ಷಕರೇ ಕೊಟ್ರು. ದುಡ್ಡು ಯಾರು ಕೊಟ್ರು ಅನ್ನೋದು ಸಿನಿಮಾದ ಮೈಯಲ್ಲಿ ಎಲ್ಲೋ ಕಾಣುತ್ತೆ ಅಂತ ನಂಬೋನು ನಾನು, ಲೂಸಿಯಾದಲ್ಲಿ ಯಾವ ಸ್ಟಾರಿಗೂ ಹೆದರದೇ ಇರೋ ಒಂದು ಸಲುಗೆ ಇದೆಯಲ್ಲ, ಅದು ಅಲ್ಲಿಂದ ಬಂದಿದ್ದು.

ಟೀ ಬ್ರೇಕಲ್ಲಿ ಒಬ್ಬ ಹುಡುಗ ಬಂದು ಕೇಳ್ದ, ಸರ್, ಮೊಬೈಲಲ್ಲೇ ಇಂಥದ್ದೊಂದು ಮಾಡ್ಬೋದಲ್ವಾ, ಈಗ ರೀಲಿನ ಖರ್ಚೂ ಇಲ್ಲ ಅಂತ. ಮಾಡ್ಬೋದಪ್ಪ. ಸಿನಿಮಾದಲ್ಲೇ ಆ ತಮಾಷೆ ಇದೆ, ಇವ್ರಿಗೆ ದಾರೀಲಿ ಇನ್ನೊಬ್ಬ ಕೊಲೆಗಾರ ಸಿಗ್ತಾನೆ, ಅವನ ಹಿಂದೆನೂ ಒಂದು ಕ್ರೂ, ಅವ್ರ ಹತ್ರ ಇರೋದು ವಿಡಿಯೋ ಕ್ಯಾಮೆರಾ. ಇವ್ರಿಗೆ ಫಿಲ್ಮಲ್ಲಿ ಶೂಟ್ ಮಾಡ್ತಿದೀವಿ ಅನ್ನೋ ಕೊಬ್ಬು, ಬಾಡಿಗೆ ಮನೇಲಿದ್ರೂ ಕೊಬ್ಬಿಗೇನು ಕಮ್ಮಿ. ಆ ಕ್ರೂನೂ ಮುಗಿಸ್ತಾರೆ.

ಆದ್ರೆ ಆ ಹುಡುಗನಿಗೆ ಒಂದು ಮಾತು ಹೇಳ್ದೆ, ನಿಮ್ಗೂ ಹೇಳ್ತೀನಿ. ಈ ಸಿನಿಮಾದ ಕ್ರೂನಲ್ಲಿ ಮೊದ್ಲು ಸಾಯೋರು ಸೌಂಡ್ ರೆಕಾರ್ಡಿಸ್ಟ್ ಗಳು. ಮೊದಲ್ನೇ ಸೌಂಡಿನವನು ಗುಂಡು ತಿಂದು ಸತ್ತಾಗ ರೆಮಿ ಕ್ಯಾಮೆರಾ ಮುಂದೆ ಕೂತು ಕಣ್ಣೀರು ಹಾಕ್ತಾನೆ, ಸತ್ತವನ ಗರ್ಲ್ ಫ್ರೆಂಡ್ ಬಸುರಿ, ಅವಳ ಹೆಸ್ರು ಮಾರಿ ಪೋಲ್ ಅಂತ. ಎರಡ್ನೆಯವನು ಸತ್ತಾಗ್ಲೂ ಅದೇ ಭಾಷಣ, ಅದೇ ಬಸುರಿ, ಅದೇ ಮಾರಿ ಪೋಲ್. ಸತ್ತವನ ಬಗ್ಗೆ ಇವನಿಗೆ ಏನೂ ಗೊತ್ತಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ಕಡಿಮೆ ಬಜೆಟ್ ಸಿನಿಮಾ ಮಾಡಿದ ಯಾರನ್ನೇ ಕೇಳಿ, ಪಿಕ್ಚರ್ ಹೇಗೋ ಬಂದ್ಬಿಡುತ್ತೆ, ಕೈ ಕೊಡೋದು ಸೌಂಡು, ಜನ ಮಸುಕು ಫ್ರೇಮ್ ಸಹಿಸ್ಕೊತಾರೆ, ಮಾತು ಕೇಳ್ಸದಿದ್ರೆ ಎದ್ದು ಹೋಗ್ತಾರೆ. ಹಾಗಾಗಿ ಮೊಬೈಲಲ್ಲಿ ಶೂಟ್ ಮಾಡೋರು ಇರೋ ದುಡ್ಡಲ್ಲಿ ಮೊದ್ಲು ಒಂದು ಒಳ್ಳೆ ಮೈಕ್ ತಗೊಳಿ, ಮೈಕ್ ಹಿಡಿಯೋ ಹುಡುಗನಿಗೆ ಸಂಬಳ ಕೊಡಿ, ಅವನ ಹೆಸ್ರೂ ಕೇಳ್ಕೊಂಡಿರಿ. ಆಯ್ತು, ಪ್ರಶ್ನೆ ಇದ್ರೆ ಕೇಳಿ, ಹಿಂದೆ ಕೂತಿರೋ ಅಮ್ಮ ಆಗಿಂದ ಕೈ ಎತ್ಕೊಂಡೇ ಇದಾರೆ, ಅವ್ರಿಂದ ಶುರು ಮಾಡೋಣ.